ಯೆಜ್ಡಿ ತಂದ ಗೋಡೆ, ಟ್ರಂಪ್ ಕಟ್ಟಿದ ಗೋಡೆ



ಈ ಸಲದ ಆಯುಧಪೂಜೆಗೆ ನಾನು ಊರಲ್ಲಿದ್ದೆ. ಊರು ಅಂದ್ರೆ ಉಬ್ರಾಣಿ, ಚನ್ನಗಿರಿ ತಾಲ್ಲೂಕು. ಯಾವ ಕಡೆ ನೋಡಿದ್ರೂ ಅಡಿಕೆ ತೋಟ. 2025ರ ಅಕ್ಟೋಬರ್ 1ರ ಬೆಳಿಗ್ಗೆ ನಮ್ಮ ಮನೆ ಅಂಗಳದಲ್ಲಿ ಎಲ್ಲವೂ ಸಾಲಾಗಿ ನಿಂತಿದ್ದವು. ಟ್ರ್ಯಾಕ್ಟರ್, ಅಡಿಕೆ ಸುಲಿಯೋ ಮಷೀನು, ಚಿಕ್ಕಪ್ಪ ವಾರದ ಹಿಂದೆ ತಂದ ಹೊಸ ಬೈಕು, ಕೊನೆಯಲ್ಲಿ ಅಪ್ಪನ ಹಳೇ ಯೆಜ್ಡಿ. ಯೆಜ್ಡಿ ರಸ್ತೆಗಿಳಿದು ಎಷ್ಟೋ ವರ್ಷ ಆಯ್ತು. ಆದ್ರೂ ಚೆಂಡುಹೂವಿನ ಹಾರ, ಗಾಲಿ ಕೆಳಗೆ ನಿಂಬೆಹಣ್ಣು ತಪ್ಪಿಲ್ಲ.

ಚಿಕ್ಕಪ್ಪನ ಹೊಸ ಬೈಕಿಗೂ ಒಂದು ಲೆಕ್ಕ ಇತ್ತು. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28 ಪರ್ಸೆಂಟಿಂದ 18ಕ್ಕೆ ಇಳೀತಲ್ಲ, ಅಲ್ಲೀವರೆಗೆ ಕಾದು ಕೂತು ತಗೊಂಡಿದ್ದು. ತೆರಿಗೆ ವಿಷಯದಲ್ಲಿ ಅವರು ಅಷ್ಟು ಹುಷಾರು. ಹಾರ ಹಾಕ್ತಾ ಹಾಕ್ತಾ ನನ್ನ ಕಡೆ ತಿರುಗಿದರು.

“ಅಲ್ಲಪ್ಪಾ, ದಿನಾ ರಾತ್ರಿ ಟಿವೀಲಿ ಟ್ರಂಪ್ ಟ್ರಂಪ್ ಅಂತ ಬಾಯಿ ಬಡ್ಕಂತೀಯಲ್ಲ. ಅವನು ಅಲ್ಲಿ ಕಾರಿಗೆ ತೆರಿಗೆ ಹಾಕಿದ್ರೆ ಇಲ್ಲಿ ನಮಗೇನಾತು?”

ಪೂಜೆಗೆ ಹೊತ್ತಾಗಿತ್ತು. ಆಮೇಲೆ ಹೇಳ್ತೀನಿ ಅಂದೆ. ಇವತ್ತಿನ ಮಾತು ಆ ಬಾಕಿ ಉತ್ತರ. ಅದನ್ನು ಸಾಲಿನ ಕೊನೆಯಲ್ಲಿ ನಿಂತಿದ್ದ ಆ ಯೆಜ್ಡಿಯಿಂದಲೇ ಹೇಳಬೇಕು. ಅದಕ್ಕೂ ಮುಂಚೆ ಒಂದೈದು ನಿಮಿಷ ಇನ್ನೂ ಹಿಂದಕ್ಕೆ, ಮೈಸೂರು ಸಂಸ್ಥಾನದ ಕಾಲಕ್ಕೆ ಹೋಗಿ ಬರೋಣ.

1928ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಬಾಂಬೆಯಲ್ಲಿ ಕಾರು ಜೋಡಿಸೋಕೆ ಶುರು ಮಾಡಿತು. ಜೋಡಿಸೋದು ಅಷ್ಟೇ. ಬಿಡಿಭಾಗಗಳು ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬರ್ತಿದ್ದವು, ಇಲ್ಲಿ ನಟ್ಟು ಬೋಲ್ಟು ಬಿಗಿಯೋದು. ಇದು ಸಾಲದು ಅಂದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದ ಮಧ್ಯದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರವೂ ಬೆಂಬಲಕ್ಕೆ ನಿಂತಿತು. ಆದರೆ ಮೇಲೆ ಕೂತಿದ್ದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧದ ಹೊತ್ತಲ್ಲಿ ಕಾರಿನ ಕಾರ್ಖಾನೆ ಯಾಕೆ ಅನ್ನೋದು ಅವರ ವಾದ.

ಕೊನೆಗೆ ಏನಾಯ್ತು? ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಇವತ್ತಿನ ಎಚ್‌ಎಎಲ್. ಕಾರಿನ ಕಂಪನಿ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಅನ್ನೋ ಹೆಸರಲ್ಲಿ ಬಾಂಬೆಯಲ್ಲಿ ಹುಟ್ಟಿತು. ನಾವು ಕೇಳಿದ್ದು ಕಾರು, ನಮಗೆ ಸಿಕ್ಕಿದ್ದು ವಿಮಾನ!

ಯಾರ ಊರಲ್ಲಿ ಕಾರ್ಖಾನೆ ಏಳಬೇಕು ಅನ್ನೋದನ್ನು ಮಾರುಕಟ್ಟೆ ಒಂದೇ ನಿರ್ಧರಿಸಲ್ಲ ಅನ್ನೋದು ಇದರ ಮೊದಲ ಪಾಠ. ಬೇಲಿ ಹಾಕೋ ಅಧಿಕಾರ ಯಾರ ಕೈಲಿದೆಯೋ ಅವರೂ ನಿರ್ಧರಿಸ್ತಾರೆ.

ಸ್ವಾತಂತ್ರ್ಯ ಬಂತು, ಆ ಅಧಿಕಾರ ನಮ್ಮ ಕೈಗೆ ಬಂತು. 1953ರಲ್ಲಿ ಟ್ಯಾರಿಫ್ ಕಮಿಷನ್ ಹೇಳಿದ್ದು ಹೀಗೆ: ಇಲ್ಲೇ ತಯಾರಿಸುವ ಯೋಜನೆ ಇರುವವರು ಇರಲಿ, ಬರೀ ಜೋಡಿಸುವವರು ಬೇಡ. ಮಾರನೇ ವರ್ಷವೇ ಜನರಲ್ ಮೋಟಾರ್ಸ್ ಬಾಂಬೆಯ ಬಾಗಿಲು ಹಾಕಿತು, ಫೋರ್ಡ್ ಕೂಡ ಹೊರಟಿತು. ಅದೇ ದಶಕದಲ್ಲಿ ಪೂರಾ ತಯಾರಾದ ಮೋಟಾರ್ ಸೈಕಲ್‌ಗಳ ಆಮದಿಗೂ ತಡೆ ಬಿತ್ತು.

ಆಗ ರುಸ್ತುಂ ಇರಾನಿ, ಫಾರೂಖ್ ಇರಾನಿ ಅನ್ನೋರು ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತರಿಸಿ ಮಾರ್ತಿದ್ದರು. ತರಿಸೋಕೆ ಬಿಡಲ್ಲ ಅಂದ್ಮೇಲೆ ಉಳಿದಿದ್ದು ಒಂದೇ ದಾರಿ, ಇಲ್ಲೇ ಮಾಡೋದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದ್ದು ಆಗಿನ ರಾಜ್ಯಪಾಲ ಜಯಚಾಮರಾಜೇಂದ್ರ ಒಡೆಯರ್. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಹೆಸರು ಬಂತು.

ಅಂದ್ರೆ ನಮ್ಮ ಅಂಗಳದ ಯೆಜ್ಡಿ ಒಂದು ಗೋಡೆಯ ಕೂಸು. ಆಮದಿಗೆ ಅಡ್ಡ ಗೋಡೆ ಎದ್ದಿದ್ದರಿಂದ ಕಾರ್ಖಾನೆ ಮೈಸೂರಿಗೆ ಬಂತು. ಸುಳ್ಳು ಹೇಳಬಾರದು, ಗೋಡೆ ಕೆಲಸ ಮಾಡಿತು. ಮೂವತ್ತೈದು ವರ್ಷ ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು.

ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ಆ ಗಾಡಿ ತಗೊಂಡಿದ್ದು ನಾನು ಹುಟ್ಟುವ ಮೊದಲು. ಟ್ಯಾಂಕ್ ಮೇಲೆ ಕೂರಿಸ್ಕೊಂಡು ಚನ್ನಗಿರಿಗೆ ಕರ್ಕೊಂಡು ಹೋಗ್ತಿದ್ದರು. ಕಿಕ್ ಹೊಡೆಯೋಕೂ ಗೇರ್ ಹಾಕೋಕೂ ಒಂದೇ ಲಿವರು. ಎರಡು ಸೈಲೆನ್ಸರಿನ ಆ ಸದ್ದು ದೂರದಿಂದ ಕೇಳಿದ್ರೆ ಅಮ್ಮ ಒಲೆ ಮೇಲೆ ಟೀಗೆ ಇಡ್ತಿದ್ದಳು.

ಮುಂದೆ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುವಾಗ ಆ ಸದ್ದಿನ ಬೆಲೆ ಏನು ಅಂತ ಗೊತ್ತಾಯ್ತು. ಅದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಒಳಗೆ ಬರೋ ಹೊಸ ಪೆಟ್ರೋಲ್ ಆವಿಯಲ್ಲಿ ಒಂದಷ್ಟು ಉರಿಯೋ ಮೊದಲೇ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತೆ. ಬೇಸಾಯದವರ ಮಾತಲ್ಲಿ ಹೇಳೋದಾದ್ರೆ, ಕಾಲುವೆ ಒಡೆದು ಅರ್ಧ ನೀರು ಪಕ್ಕದ ಹಳ್ಳಕ್ಕೆ ಹೋದ ಹಾಗೆ. ಮೈಲೇಜು ಲೀಟರಿಗೆ ಮೂವತ್ತರ ಆಸುಪಾಸು.

ಯಾರೂ ಕೇಳಲಿಲ್ಲ. ಯಾಕೆ ಕೇಳ್ತಾರೆ? ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯ್ತಿದ್ದ ಕಾಲ ಅದು. ಮಾಡಿದ್ದೆಲ್ಲ ಖರ್ಚಾಗ್ತಿದ್ದಾಗ ಎಂಜಿನ್ ಬದಲಾಯಿಸುವ ಅವಸರ ಯಾರಿಗೂ ಇರಲಿಲ್ಲ.

1980ರ ದಶಕದಲ್ಲಿ ದೆಹಲಿ ಆ ಗೋಡೆಗೆ ಒಂದು ಬಾಗಿಲು ಇಟ್ಟಿತು. ಜಪಾನಿನವರು ಇಲ್ಲಿನ ಕಂಪನಿಗಳ ಜೊತೆ ಸೇರಿ ಬೈಕು ಮಾಡಬಹುದು ಅಂತ. ಸುಜುಕಿ ಟಿವಿಎಸ್ ಜೊತೆ ಬಂತು, ಯಮಹಾ ಎಸ್ಕಾರ್ಟ್ಸ್ ಜೊತೆ, ಕವಾಸಾಕಿ ಬಜಾಜ್ ಜೊತೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಫೋರ್ ಸ್ಟ್ರೋಕ್, ನೂರು ಸಿಸಿ. ಲೀಟರಿಗೆ 80 ಕಿಲೋಮೀಟರ್ ಅಂತ ಜಾಹೀರಾತು. ಟ್ಯಾಂಕ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅಂದರು. ಜನ ಯೆಜ್ಡಿಯನ್ನೇ ಮರೆತರು. ಆಮೇಲೆ ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಯಾದವಗಿರಿಯ ಗೇಟಿಗೆ ಬೀಗ ಬಿತ್ತು. ಕಾರ್ಮಿಕರ ಬಾಕಿ, ಸಾಲ, ಕೋರ್ಟು, ಲಿಕ್ವಿಡೇಶನ್. ಯೆಜ್ಡಿ ಅನ್ನೋ ಹೆಸರು ಯಾರದ್ದು ಅನ್ನೋ ವ್ಯಾಜ್ಯವೂ ಹೈಕೋರ್ಟಿನ ತನಕ ಹೋಯಿತು.

ಈಗ ಗಮನಿಸಿ. ಗೋಡೆ ಎದ್ದಾಗ ಕಾರ್ಖಾನೆ ಬಂತು. ಬಾಗಿಲು ತೆರೆದಾಗ ಕಾರ್ಖಾನೆ ಹೋಯಿತು. ನಡುವಿನ ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಒಳಗೆ ಎಂಜಿನ್ ಹೆಚ್ಚು ಬದಲಾಗಲಿಲ್ಲ. ಪಾಯಿಂಟ್ ಇರೋದು ಇಲ್ಲೇ. ಗೋಡೆ ಕಾರ್ಖಾನೆಯನ್ನು ಕರೆತರುತ್ತೆ, ಉಳಿಸೋದು ಒಳಗಿನ ಕಲಿಕೆ.

“ಹಾಗಾದ್ರೆ ಬಿಡದಿಯ ಟೊಯೋಟಾ ಹೇಗೆ ಬದುಕಿದೆ?” ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಅದೂ ಗೋಡೆಯ ಒಳಗೇ ಬಂದಿದ್ದು. ಹೊರಗಿಂದ ಬರೋ ಕಾರಿಗೆ ಭಾರತ ಭಾರೀ ಸುಂಕ ಹಾಕ್ತಿದ್ದರಿಂದಲೇ ಇಲ್ಲಿ ಬಂದು ಮಾಡಬೇಕಾಯ್ತು. 1997ರಲ್ಲಿ ಕಿರ್ಲೋಸ್ಕರ್ ಜೊತೆ ಕಂಪನಿ, 1999ರ ಕೊನೆಗೆ ಉತ್ಪಾದನೆ, ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ. ಆದರೆ ಅಷ್ಟು ಹೊತ್ತಿಗೆ ಒಳಗಿನ ಸ್ಥಿತಿ ಬೇರೆಯಾಗಿತ್ತು. 1993ರಲ್ಲಿ ಕಾರು ತಯಾರಿಕೆಯ ಲೈಸೆನ್ಸ್ ಪದ್ಧತಿ ಹೋಗಿತ್ತು. ಒಂದೇ ಕಾಂಪೌಂಡಿನೊಳಗೆ ಹತ್ತು ಜಟ್ಟಿಗಳು. ನಿಂತವನು ಸೋತ. ಕಲೀದೆ ಬೇರೆ ದಾರಿ ಇರಲಿಲ್ಲ.

ಈ ಕನ್ನಡಕ ಹಾಕ್ಕೊಂಡು 2025ನ್ನು ನೋಡೋಣ.

ಏಪ್ರಿಲ್ 3ರಿಂದ ಅಮೆರಿಕಕ್ಕೆ ಹೊರಗಿಂದ ಬರೋ ಕಾರುಗಳಿಗೆ 25 ಪರ್ಸೆಂಟ್ ಹೆಚ್ಚುವರಿ ಸುಂಕ. ಮೇ 3ರಿಂದ ಮುಖ್ಯ ಬಿಡಿಭಾಗಗಳಿಗೂ. ಟ್ರಂಪ್ ಹೇಳೋದು, ನಮಗೆ ಮಾರಬೇಕಾದ್ರೆ ನಮ್ಮಲ್ಲೇ ಮಾಡಿ ಅಂತ. 1950ರ ದಶಕದಲ್ಲಿ ನಾವು ಅಮೆರಿಕದ ಕಂಪನಿಗಳಿಗೆ ಹೇಳಿದ್ದೂ ಇದನ್ನೇ ಅಲ್ವಾ? ಗೋಡೆಯ ಫಲವೂ ಕಾಣ್ತಿದೆ. ಹ್ಯುಂಡೈ ಬಳಗ ಅಮೆರಿಕದಲ್ಲಿ 26 ಬಿಲಿಯನ್ ಡಾಲರ್ ಹೂಡ್ತೀನಿ ಅಂದಿದೆ. ಜಪಾನ್ ಚೌಕಾಸಿ ಮಾಡಿ ಸುಂಕವನ್ನು 15 ಪರ್ಸೆಂಟಿಗೆ ಇಳಿಸಿಕೊಂಡಿದೆ. ಆದ್ರೂ ಟೊಯೋಟಾ ತನಗೆ ಆ ಹಣಕಾಸು ವರ್ಷದಲ್ಲಿ 1.4 ಟ್ರಿಲಿಯನ್ ಯೆನ್ ಹೊಡೆತ ಅಂತ ಆಗಸ್ಟ್‌ನಲ್ಲಿ ಅಂದಾಜು ಕೊಟ್ಟಿತು. ಇನ್ನೊಂದು ಕೇಳಿ. ಈ ಗೋಡೆಯಿಂದ ಅಮೆರಿಕದ್ದೇ ಆದ ಜನರಲ್ ಮೋಟಾರ್ಸ್‌ಗೆ 4ರಿಂದ 5 ಬಿಲಿಯನ್ ಡಾಲರ್ ಖರ್ಚು ಅಂತ ಮೇ ತಿಂಗಳಲ್ಲಿ ಆ ಕಂಪನಿಯೇ ಹೇಳಿತು. ಯಾಕಂದ್ರೆ ಅದರ ಎಷ್ಟೋ ಗಾಡಿ, ಎಷ್ಟೋ ಬಿಡಿಭಾಗ ಬರೋದು ಮೆಕ್ಸಿಕೊ, ಕೆನಡಾ, ಕೊರಿಯಾಗಳಿಂದ.

ಇದು ಒಂದು ಕಡೆ. ಇನ್ನೊಂದು ಕಡೆ ಚೀನಾ. ಏಪ್ರಿಲ್ 4ರಂದು ಅದು ಏಳು ಬಗೆಯ ಅಪರೂಪದ ಲೋಹಗಳು ಮತ್ತು ಅವುಗಳ ಅಯಸ್ಕಾಂತಗಳನ್ನು ಲೈಸೆನ್ಸ್ ಇಲ್ಲದೆ ಹೊರಗೆ ಕಳಿಸಲ್ಲ ಅಂದಿತು. ಎಲೆಕ್ಟ್ರಿಕ್ ಗಾಡಿಯ ಮೋಟಾರಿಗೆ ಈ ಅಯಸ್ಕಾಂತ ಬೇಕು, ಪೆಟ್ರೋಲ್ ಕಾರಿನ ಪವರ್ ಸ್ಟೇರಿಂಗಿಗೂ ಬೇಕು. ಬೆರಳಷ್ಟಿರೋ ಆ ತುಂಡು ಸಿಗದೆ ಜಪಾನಿನಲ್ಲಿ ಸುಜುಕಿ ಸ್ವಿಫ್ಟ್ ಉತ್ಪಾದನೆ ನಿಂತಿತು, ಶಿಕಾಗೋದಲ್ಲಿ ಫೋರ್ಡ್ ಒಂದು ವಾರ ಲೈನ್ ನಿಲ್ಲಿಸಿತು. ನಮ್ಮಲ್ಲಿ ಬಜಾಜ್‌ನ ಎಲೆಕ್ಟ್ರಿಕ್ ಚೇತಕ್ ಉತ್ಪಾದನೆಗೂ ಪೆಟ್ಟು ಬಿತ್ತು. ಗೋಡೆ ಎಷ್ಟೇ ಎತ್ತರ ಕಟ್ಟಿ, ಮನೆಯ ಬೀಗದ ಕೈ ಪಕ್ಕದ ಮನೆಯವನ ಸೊಂಟದಲ್ಲಿದ್ರೆ ಏನು ಮಾಡ್ತೀರಿ?

ಆ ಕೀಲಿ ಚೀನಾದ ಸೊಂಟಕ್ಕೆ ಹೋಗಿದ್ದು ಹೇಗೆ? 2001ರಲ್ಲಿ ನಮ್ಮ ಬೆಂಗಳೂರಿನ ರಸ್ತೆಗೆ ರೇವಾ ಅನ್ನೋ ಎಲೆಕ್ಟ್ರಿಕ್ ಕಾರು ಇಳೀತು, ಮೈನಿ ಅವರದ್ದು. ಚೀನಾದ ಬಿವೈಡಿ ಕಾರಿನ ವ್ಯಾಪಾರಕ್ಕೆ ಬಂದಿದ್ದೇ 2003ರಲ್ಲಿ. ನಾವು ಎರಡು ವರ್ಷ ಮುಂದಿದ್ದೆವು! ಆದರೆ ಬಿವೈಡಿ ಹುಟ್ಟಿದ್ದೇ ಬ್ಯಾಟರಿ ಕಂಪನಿಯಾಗಿ. ಸೆಲ್ಲು, ಮೋಟಾರು, ಚಿಪ್ಪು, ಒಳಗಿನದ್ದನ್ನೆಲ್ಲ ತಾನೇ ಮಾಡೋಕೆ ಕಲಿತಿತು. ಬೆನ್ನಿಗೆ ಅವರ ಸರ್ಕಾರ ನಿಂತಿತು. ರೇವಾ 2010ರಲ್ಲಿ ಮಹೀಂದ್ರಾಕ್ಕೆ ಮಾರಾಟವಾಯಿತು. ಇವತ್ತು ಜಗತ್ತಿನ ದೊಡ್ಡ ದೊಡ್ಡ ಕಾರಿನ ಕಂಪನಿಗಳು ಬಿವೈಡಿ ಹೆಸರು ಕೇಳಿ ಬೆವರ್ತಿವೆ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ 2030ರೊಳಗೆ 35,000 ಕೆಲಸ ಕಡಿಮೆ ಮಾಡೋ ಒಪ್ಪಂದಕ್ಕೆ ಬಂದಿದೆ. ಬೆಂಗಳೂರಿಗೆ ಮೈಕೋ ಕೊಟ್ಟ ಬಾಷ್, ಸೆಪ್ಟೆಂಬರ್‌ನಲ್ಲಿ ಇನ್ನೂ 13,000 ಕೆಲಸ ಕಡಿತ ಅಂತ ಘೋಷಿಸಿತು. ಹೆಚ್ಚಿನವು ಜರ್ಮನಿಯಲ್ಲೇ.

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರ್ತೀನಿ. ನಮಗೇನಾತು?

ಚಿಕ್ಕಪ್ಪಾ, ನಿಮ್ಮ ಮಗನೇ ಇದ್ದಾನಲ್ಲ. ಡಿಪ್ಲೊಮಾ ಮುಗಿಸಿ ಬೆಂಗಳೂರು ಕಡೆ ಬಿಡಿಭಾಗದ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದಾನೆ. ಹೆಸರು ಬೇಡ. ಜುಲೈನಿಂದ ಓಟಿ ನಿಂತಿದೆ, ನಿಮಗೆ ಹೇಳಿಲ್ಲ, ನನಗೆ ಹೇಳಿದಾನೆ. ಎಕ್ಸ್‌ಪೋರ್ಟ್ ಆರ್ಡರ್ ತಡವಾಗಿದೆಯಂತೆ. ವಾಷಿಂಗ್ಟನ್‌ನಲ್ಲಿ ಹಾಕಿದ ಒಂದು ಸಹಿ ಉಬ್ರಾಣಿಗೆ ಬರೋದು ಹೀಗೆ, ತಿಂಗಳ ಕೊನೆಗೆ ಮನೆಗೆ ಬರೋ ಫೋನ್‌ಪೇ ಮೆಸೇಜು ಸಣ್ಣದಾಗುತ್ತೆ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಗೋಡೆ ಅಂದ್ರೆ ಏನು ಅಂತ ನಮ್ಮೂರಿಗೆ ಚೆನ್ನಾಗಿ ಗೊತ್ತು. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಚನ್ನಗಿರಿಯಲ್ಲಿ ಯಾರು ಬೇಡ ಅಂದ್ರು? ನಾನೂ ಚಪ್ಪಾಳೆ ತಟ್ಟಿದೆ. ಅದರ ಹಿಂದಿನ ವರ್ಷ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಆ ಬೆಲೆಯ ಷರತ್ತಿಲ್ಲದೆ ದಾರಿ ಬಿಟ್ಟಾಗ ಬೆಳೆಗಾರರು ಸಿಟ್ಟಾಗಿದ್ದೂ ನ್ಯಾಯವೇ. ನನ್ನ ಇಂಜಿನಿಯರಿಂಗ್ ಫೀಸು ಬಂದಿದ್ದು ಆ ತೋಟದಿಂದ.

ಆದರೆ ಗೋಡೆಯ ಒಳಗೆ ನಾವೇನು ಕಲೀತಿದ್ದೀವಿ? ಗದ್ದೆ ಕಡಿದು ತೋಟ ಮಾಡಿದೆವು, ಇನ್ನಷ್ಟು ಸಸಿ ಇಟ್ಟೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂದಿದೆ. ನಮ್ಮ ಬೆಳೆಗಾರರಿಗೆ ಆ ವರದಿ ಬಗ್ಗೆ ತಕರಾರಿದೆ, ಇರಲಿ. ಆದರೆ ಕೊಳ್ಳುವವನು ನಾಳೆ ಬೇಡ ಅಂದ್ರೆ ಎರಡನೇ ಬೆಳೆ ಯಾವುದು, ಅಡಿಕೆಯಿಂದ ಬೇರೆ ಏನು ಮಾಡಬಹುದು ಅನ್ನೋ ಲೆಕ್ಕ ಎಷ್ಟು ಮನೆಯಲ್ಲಿ ಹಾಕಿದ್ದಾರೆ? ಮೈಸೂರಲ್ಲಿ ಎಂಜಿನ್ ಬದಲಾಯಿಸದೆ ಕೂತವರನ್ನು ಬೈಯೋದು ಸುಲಭ. ನಮ್ಮ ತೋಟದಲ್ಲೂ ಅದೇ ನಡೀತಿದೆಯಾ ಅಂತ ಒಮ್ಮೆ ನೋಡ್ಕೊಬೇಕು.

ಪೂಜೆಯ ಸಂಜೆ ಇದನ್ನೇ ಹೇಳಿದೆ. ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

“ಅಂದ್ರೆ ಗೋಡೆ ಬೀಳುತ್ತೆ ಅಂತೀಯಾ?”

“ಬೀಳುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಅದು ದೆಹಲಿ ಕಟ್ಟಿದ್ದು, ಕೆಡವೋದೂ ದೆಹಲಿಯೇ. ಮೊನ್ನೆ ಜುಲೈನಲ್ಲಿ ಬ್ರಿಟನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ನೂರು ಪರ್ಸೆಂಟಿಗೂ ಮೇಲಿದ್ದ ಕಾರಿನ ಸುಂಕವನ್ನು ಒಂದು ಮಿತಿಯೊಳಗೆ ಹತ್ತಕ್ಕೆ ಇಳಿಸ್ತೀವಿ ಅಂದಿದಾರೆ. ಕಾರಿನವರನ್ನು ಕೇಳಿದ ಹಾಗೆ ನಾಳೆ ನಮ್ಮನ್ನು ಕೇಳ್ತಾರೆ ಅಂತ ಏನು ಗ್ಯಾರಂಟಿ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಓಟಿ ವಿಷಯ ಯಾವಾಗ್ ಹೇಳ್ದ ನಿಂಗೆ?” ಅಂದರು.

ವೀಕ್ಷಕರೇ, ಇನ್ನು ಮುಂದೆ ಯಾರಾದ್ರೂ ಸುಂಕ ಹಾಕಿ, ಕಾರ್ಖಾನೆ ತಾನಾಗೇ ಬರುತ್ತೆ ಅಂದ್ರೆ, ನಂಬಿ. ಬರುತ್ತೆ, ಮೈಸೂರಿಗೂ ಬಂದಿತ್ತು. ಆದರೆ ಎರಡು ಪ್ರಶ್ನೆ ಕೇಳಿ. ಒಳಗಿನ ಎಂಜಿನ್ ಮಾಡೋದನ್ನು ಯಾರು ಕಲೀತಾರೆ? ಬಾಗಿಲು ತೆರೆದ ದಿನ ಕೆಲಸದವನ ಮನೆ ಯಾರು ನೋಡ್ತಾರೆ? ಈ ಎರಡಕ್ಕೂ ಉತ್ತರ ಇಲ್ಲದ ಕಡೆ ಮೂವತ್ತೈದು ವರ್ಷದ ಮೇಲೆ ಏನು ಉಳಿಯುತ್ತೆ ಅಂತ ನೋಡಬೇಕಾದ್ರೆ, ಮುಂದಿನ ಆಯುಧಪೂಜೆಗೆ ನಮ್ಮೂರಿಗೆ ಬನ್ನಿ. ಅಂಗಳದ ಕೊನೆಯಲ್ಲಿ ನಿಂತಿರುತ್ತೆ, ತೋರಿಸ್ತೀನಿ.