ಹೆರಿಗೆ ನೋವಿನ ಶಮನಕ್ಕೆ ನೀರಿನ ಬಳಕೆ

ಹೆರಿಗೆ ಬೇನೆಯನ್ನು ತಾಳಿಕೊಳ್ಳಲು ನೆರವಾಗುವಂತೆ ನೀರನ್ನು ಹಲವು ಬಗೆಯಲ್ಲಿ ಬಳಸುತ್ತಾರೆ. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಎದೆಮಟ್ಟ ಮುಳುಗಿ ಕೂರುವುದು, ಷವರಿನಿಂದಲೋ ಚೊಂಬಿನಿಂದಲೋ ಸೊಂಟಕ್ಕೆ ಬಿಸಿನೀರು ಹಾಕುವುದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡುವುದು, ಸೊಂಟದ ಚರ್ಮದೊಳಗೆ ಕ್ರಿಮಿರಹಿತ ನೀರನ್ನು ಚುಚ್ಚುವುದು ಇವುಗಳಲ್ಲಿ ಮುಖ್ಯವಾದವು. ಬೇನೆಯ ಹೊತ್ತಿನಲ್ಲಿ ತಾಯಿ ನೀರಿನಲ್ಲಿರುವುದು ಬೇರೆ, ಮಗು ನೀರಿನೊಳಗೇ ಹುಟ್ಟುವುದು ಬೇರೆ. ಮೊದಲನೆಯದು ನೋವಿನ ಉಪಚಾರ, ಎರಡನೆಯದು ಹೆರಿಗೆಯ ಒಂದು ವಿಧಾನ. ಜನಪ್ರಿಯ ಬರಹಗಳು ಎರಡನ್ನೂ ‘ಜಲಪ್ರಸವ’ದ ಅಡಿಯಲ್ಲೇ ತಂದು, ಒಂದರ ಗುಣವನ್ನು ಮತ್ತೊಂದರ ಲೆಕ್ಕಕ್ಕೆ ಬರೆದುಬಿಡುತ್ತವೆ. ಪುರಾವೆಗಳನ್ನು ಓದುವಾಗ ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು.

ಇತಿಹಾಸ

ಪ್ರಾಚೀನ ಈಜಿಪ್ಟಿನಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ ಹೆಂಗಸರು ನೀರಿನಲ್ಲಿ ಹೆರುತ್ತಿದ್ದರೆಂಬ ಮಾತು ಆಗಾಗ ಕೇಳಿಬರುತ್ತದೆ. ಅದಕ್ಕೆ ಕೊಡುವ ಆಧಾರಗಳು ಬಹಳ ದುರ್ಬಲ. ಭಾರತದ ಮಟ್ಟಿಗೆ, ಬೇನೆಯಲ್ಲಿ ಬಿಸಿನೀರು ಬಳಸುತ್ತಿದ್ದುದಕ್ಕೆ ಗ್ರಂಥದ ಆಧಾರವೇ ಇದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ, ಬೇನೆ ಶುರುವಾದ ಹೆಂಗಸಿಗೆ ಮೈಗೆಲ್ಲ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಹೊಟ್ಟೆತುಂಬ ಗಂಜಿ ಕುಡಿಸಬೇಕೆಂದು ಹೇಳಿದೆ. ಮೈಮೇಲೆ ನೀರು ಹಾಕುವ ಪರಿಷೇಕ ಮತ್ತು ನೀರಿನಲ್ಲಿ ಕೂರಿಸುವ ಅವಗಾಹ ಇವೆರಡನ್ನೂ ಚರಕ ಸಂಹಿತೆ ಹದಿಮೂರು ಬಗೆಯ ಸ್ವೇದಗಳಲ್ಲಿ, ಅಂದರೆ ಬೆವರಿಸುವ ಉಪಚಾರಗಳಲ್ಲಿ, ಎಣಿಸುತ್ತದೆ. ಬೇನೆಯ ಹೊತ್ತಿಗೆ ಸುಶ್ರುತ ಹೇಳುವುದು ಪರಿಷೇಕವನ್ನು. ಹಾಗಾಗಿ ಇಂದಿನ ತೊಟ್ಟಿಯ ವಿಧಾನ ಆಯುರ್ವೇದದಿಂದ ಬಂದದ್ದೆಂದು ಹೇಳುವುದಕ್ಕೆ ಈ ವಾಕ್ಯ ಸಾಲದು. ಬೇನೆ ಹತ್ತಿದಾಗ ಬಿಸಿನೀರು ಹಾಕುವ ರೂಢಿ ಹಳೆಯದೆಂಬುದಕ್ಕಂತೂ ಸಾಕು.

ಯುರೋಪಿನ ವೈದ್ಯಸಾಹಿತ್ಯದಲ್ಲಿ ಸಾಮಾನ್ಯವಾಗಿ ಮೊದಲನೆಯದೆಂದು ಉಲ್ಲೇಖಗೊಳ್ಳುವ ವರದಿ 1805ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯ ವೈದ್ಯ ಪತ್ರಿಕೆಯಲ್ಲಿ ಬಂದದ್ದು. ಎರಡು ದಿನ ಬೇನೆ ತಿಂದು ಸೋತಿದ್ದ ಹೆಂಗಸೊಬ್ಬಳನ್ನು ವೈದ್ಯ ಎಂಬ್ರಿ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದ. ಅವಳು ಮೇಲೇಳುವ ಮೊದಲೇ ಹೆರಿಗೆಯಾಯಿತು. ಮಗುವನ್ನು ನೀರಿನಲ್ಲಿ ಹುಟ್ಟಿಸುವ ಉದ್ದೇಶ ಅಲ್ಲಿರಲಿಲ್ಲ, ಬೇಕಾಗಿದ್ದದ್ದು ದಣಿದ ತಾಯಿಗೆ ಒಂದಿಷ್ಟು ಆರಾಮ.

ಅದಾದ ಮೇಲೆ ಒಂದೂವರೆ ಶತಮಾನ ಈ ವಿಷಯ ಹೆಚ್ಚೇನೂ ಮುಂದುವರಿಯಲಿಲ್ಲ. 1960ರ ದಶಕದಿಂದ ಸೋವಿಯತ್ ಒಕ್ಕೂಟದಲ್ಲಿ ಇಗೊರ್ ಚಾರ್ಕೋವ್‌ಸ್ಕಿ ನೀರೊಳಗಿನ ಜನನವನ್ನು ಪ್ರಚಾರ ಮಾಡಿದ. ಅವನ ಆಸಕ್ತಿ ತಾಯಿಯ ನೋವಿಗಿಂತ ಮಗುವಿನ ‘ಜಲಶಕ್ತಿ’ಯ ಮೇಲಿತ್ತು. ಹಸುಗೂಸುಗಳನ್ನು ನೀರಿನಲ್ಲಿ ಮುಳುಗಿಸುವ ಅವನ ವಿಧಾನಗಳು ಟೀಕೆಗೂ ಗುರಿಯಾದವು. 1974ರಲ್ಲಿ ‘ಹಿಂಸೆಯಿಲ್ಲದ ಜನನ’ದ ಬಗ್ಗೆ ಪುಸ್ತಕ ಬರೆದ ಫ್ರೆಂಚ್ ವೈದ್ಯ ಫ್ರೆಡರಿಕ್ ಲೆಬ್ವಾಯೆಯ ಹೆಸರನ್ನೂ ಇಲ್ಲಿಗೆ ಎಳೆತರುವುದುಂಟು. ಅವನು ಹೇಳಿದ ಬೆಚ್ಚನೆಯ ಸ್ನಾನ ಹುಟ್ಟಿದ ಮಗುವಿಗೆ, ಬೇನೆ ತಿನ್ನುವ ತಾಯಿಗಲ್ಲ.

ನೋವಿನ ಉಪಚಾರವಾಗಿ ನೀರು ಆಸ್ಪತ್ರೆಯೊಳಗೆ ಕಾಲಿಟ್ಟದ್ದು ಪ್ಯಾರಿಸ್‌ನ ದಕ್ಷಿಣಕ್ಕಿರುವ ಪಿತಿವಿಯೆ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗ ನೋಡಿಕೊಳ್ಳುತ್ತಿದ್ದ ಮಿಶೆಲ್ ಓದಾಂ ವೃತ್ತಿಯಲ್ಲಿ ಸರ್ಜನ್. 1970ರ ದಶಕದಲ್ಲಿ ಅವರು ಮಂದ ಬೆಳಕಿನ ಕೋಣೆಯಲ್ಲಿ ತೊಟ್ಟಿ ಇಡಿಸಿದರು. ಮೊದಲು ಬಳಸಿದ್ದು ಮಕ್ಕಳು ಅಂಗಳದಲ್ಲಿ ಆಡುವ, ಗಾಳಿ ತುಂಬುವ ಕೊಳ. ಗರ್ಭದ್ವಾರ ಸುಮಾರು 5 ಸೆಂಟಿಮೀಟರ್ ತೆರೆದು ಅಲ್ಲಿಗೇ ನಿಂತು, ನೋವು ಮಾತ್ರ ಏರುತ್ತಿದ್ದ ಹೆಂಗಸರಿಗಾಗಿ ಅದು ಇದ್ದದ್ದು. ಕೆಲವರಿಗೆ ಹೊರಬರುವಷ್ಟು ಪುರಸೊತ್ತಾಗದೆ ಮಗು ನೀರಿನಲ್ಲೇ ಹುಟ್ಟಿತು. ಅಂಥ ನೂರು ಜನನಗಳ ಅನುಭವವನ್ನು ಓದಾಂ 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಜಗತ್ತು ಹಿಡಿದುಕೊಂಡದ್ದು ನೀರೊಳಗಿನ ಮಗುವಿನ ಚಿತ್ರವನ್ನು, ಲೇಖನದ ಮುಖ್ಯ ಮಾತಾಗಿದ್ದ ನೋವು ಹಿಂದೆ ಉಳಿಯಿತು.

ಬ್ರಿಟನ್ನಿನಲ್ಲಿ ಹೆಂಗಸರ ಸಂಘಟನೆಗಳು ಬಾಡಿಗೆ ತೊಟ್ಟಿಗಳನ್ನು ಮನೆಗೆ ಒದಗಿಸತೊಡಗಿದವು. ಆದಷ್ಟು ಕಡೆ ತೊಟ್ಟಿಯ ಸೌಲಭ್ಯ ಇರಬೇಕೆಂದು 1992ರಲ್ಲಿ ಅಲ್ಲಿನ ಸಂಸತ್ತಿನ ಆರೋಗ್ಯ ಸಮಿತಿ ಶಿಫಾರಸು ಮಾಡಿತು. ನೀರಿನ ಬಳಕೆ ಸರ್ಕಾರಿ ವ್ಯವಸ್ಥೆಯೊಳಗೆ ಸೇರಿದ್ದು, ಹಾಗಾಗಿ ದೊಡ್ಡ ಸಂಖ್ಯೆಯ ಅಂಕಿಅಂಶಗಳು ದೊರೆತದ್ದು ಮುಖ್ಯವಾಗಿ ಈ ದೇಶದಿಂದಲೇ.

ನೀರು ಕೆಲಸ ಮಾಡುವ ಬಗೆ

ನೀರಿನಲ್ಲಿ ಮೈ ಹಗುರಾಗುತ್ತದೆ. ತುಂಬಿದ ಬಸುರಿ ಮಂಚದ ಮೇಲೆ ಮಗ್ಗುಲು ಬದಲಿಸಲೂ ಕಷ್ಟಪಡುತ್ತಾಳೆ. ಅದೇ ನೀರಿನಲ್ಲಿ ಮಂಡಿಯೂರುವುದು, ಮುಂದಕ್ಕೆ ಬಾಗುವುದು, ಕುಕ್ಕರಗಾಲಿನಲ್ಲಿ ಕೂರುವುದು ಅವಳಿಗೆ ಸಲೀಸು. ಬಿಸಿಗೆ ಸ್ನಾಯುಗಳು ಸಡಿಲಗೊಂಡು ಭಯ ಮತ್ತು ಬಿಗಿತ ಇಳಿಯುತ್ತವೆ. 1965ರಲ್ಲಿ ಮೆಲ್‌ಜಾಕ್ ಮತ್ತು ವಾಲ್ ಮಂಡಿಸಿದ ‘ದ್ವಾರ ನಿಯಂತ್ರಣ’ ಸಿದ್ಧಾಂತದ ಪ್ರಕಾರ, ಚರ್ಮದಿಂದ ಬರುವ ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ತಡೆಯಬಲ್ಲವು. ನೀರಿನ ಪರಿಣಾಮದ ಒಂದು ಪಾಲನ್ನು ಹೀಗೆ ವಿವರಿಸುತ್ತಾರೆ.

ಎಷ್ಟು ಹೊತ್ತು ನೀರಿನಲ್ಲಿರಬೇಕೆಂಬುದರ ಬಗ್ಗೆ ವಾದವಿದೆ. ನೀರಿನ ಒತ್ತಡದಿಂದ ಕಾಲುಗಳ ರಕ್ತ ಎದೆಯ ಕಡೆ ಸರಿದು, ಹೃದಯದಿಂದ ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುಗಡೆಯಾಗುತ್ತದೆ. ಇದು ಕ್ರಮೇಣ ಬೇನೆಗೆ ಬಲ ಕೊಡುವ ಆಕ್ಸಿಟೋಸಿನ್ ಹಾರ್ಮೋನನ್ನು ತಗ್ಗಿಸಿ, ಒಂದೆರಡು ಗಂಟೆಯ ಬಳಿಕ ಬೇನೆಯನ್ನು ಮಂದಗೊಳಿಸಬಹುದೆಂದು ಓದಾಂ ಊಹಿಸಿದ್ದರು. ಸ್ವೀಡನ್ನಿನಲ್ಲಿ 200 ಹೆಂಗಸರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸ್ವಲ್ಪ ಪುಷ್ಟಿ ಕೊಡುತ್ತದೆ. ಗರ್ಭದ್ವಾರ 5 ಸೆಂಟಿಮೀಟರ್ ತೆರೆಯುವ ಮೊದಲೇ ನೀರಿಗಿಳಿದವರಿಗೆ, ತಡವಾಗಿ ಇಳಿದವರಿಗಿಂತ ಆಕ್ಸಿಟೋಸಿನ್ ಡ್ರಿಪ್ಪೂ ಬೆನ್ನಿಗೆ ಚುಚ್ಚಿ ಕೊಡುವ ಎಪಿಡ್ಯೂರಲ್ ಅರಿವಳಿಕೆಯೂ ಹೆಚ್ಚು ಬೇಕಾದವು.

ಪುರಾವೆ

ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 15 ಪ್ರಯೋಗಗಳ 3,663 ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿತು. ಗರ್ಭದ್ವಾರ ಪೂರ್ತಿ ತೆರೆಯುವವರೆಗಿನ ಬೇನೆಯ ಮೊದಲ ಹಂತದಲ್ಲಿ ನೀರು ಬಳಸದವರಲ್ಲಿ ಶೇ. 43 ಮಂದಿ ಎಪಿಡ್ಯೂರಲ್ ಮಾದರಿಯ ಅರಿವಳಿಕೆ ಪಡೆದರೆ ಬಳಸಿದವರಲ್ಲಿ ಶೇ. 39. ಸಿಸೇರಿಯನ್ ಪ್ರಮಾಣದಲ್ಲಾಗಲಿ ಮಗುವಿನ ಆರೋಗ್ಯದಲ್ಲಾಗಲಿ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ಪರಿಣಾಮ ಇದೆ, ಆದರೆ ಉತ್ಸಾಹಿಗಳು ಹೇಳುವಷ್ಟು ದೊಡ್ಡದಲ್ಲ. ಸೌತಾಂಪ್ಟನ್‌ನ ಒಂದು ಸಣ್ಣ ಪ್ರಯೋಗ (2004) ಹೆಚ್ಚು ಕುತೂಹಲಕರ. ಬೇನೆ ನಿಧಾನಗೊಂಡ 99 ಚೊಚ್ಚಲ ಬಸುರಿಯರಲ್ಲಿ ಅರ್ಧದಷ್ಟು ಜನರನ್ನು ಕೂಡಲೇ ಡ್ರಿಪ್ಪಿಗೆ ಹಾಕದೆ ನೀರಿಗಿಳಿಸಿದರು. ಅವರಲ್ಲಿ ಎಪಿಡ್ಯೂರಲ್ ಪಡೆದವರು ಶೇ. 47, ಉಳಿದವರಲ್ಲಿ ಶೇ. 66. ಪಿತಿವಿಯೆಯಲ್ಲಿ ತೊಟ್ಟಿ ಇಟ್ಟದ್ದೂ ಇಂಥವರಿಗೇ ಎಂಬುದನ್ನು ನೆನೆಯಬಹುದು.

ನೀರೊಳಗಿನ ಜನನದ ಸುರಕ್ಷತೆಯನ್ನು ತೂಗಲು ದೊಡ್ಡ ಸಮೀಕ್ಷೆಗಳೇ ಆಧಾರ. 1994ರ ಏಪ್ರಿಲ್‌ನಿಂದ 1996ರ ಮಾರ್ಚ್‌ವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆದ 4,032 ಇಂಥ ಜನನಗಳಲ್ಲಿ ಜನನದ ಆಸುಪಾಸಿನ ಶಿಶುಮರಣ ಸಾವಿರಕ್ಕೆ 1.2. ಅಪಾಯ ಕಡಿಮೆಯಿರುವ ಇತರ ಹೆರಿಗೆಗಳಿಗೆ ಹೋಲಿಸಿದರೆ ಇದು ಹೆಚ್ಚಲ್ಲ. ಆದರೆ ಹೊಕ್ಕುಳಬಳ್ಳಿ ಹರಿದುಹೋದ ಕೆಲವು ಪ್ರಕರಣಗಳು ಆಗಲೇ ಕಂಡವು. 2015ರಿಂದ 2022ರವರೆಗಿನ ಬ್ರಿಟಿಷ್ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ‘ಪೂಲ್’ ಅಧ್ಯಯನ, ನೀರಿನಲ್ಲೇ ಹೆತ್ತವರನ್ನು ಬೇನೆಗೆ ಮಾತ್ರ ನೀರು ಬಳಸಿ ಹೊರಗೆ ಹೆತ್ತವರೊಂದಿಗೆ ಹೋಲಿಸಿತು. ತಾಯಿಗೆ ಗುದದ ಸ್ನಾಯುವರೆಗೆ ಹರಿಯುವ ಗಾಯವಾಗಲಿ ಮಗುವಿಗೆ ತೊಂದರೆಯಾಗಲಿ ನೀರಿನಲ್ಲಿ ಹೆಚ್ಚಿರಲಿಲ್ಲ. ಬಳ್ಳಿ ಹರಿಯುವುದು ಮಾತ್ರ ಶೇ. 1.0, ಹೊರಗೆ ಹೆತ್ತವರಲ್ಲಿ ಶೇ. 0.3. ಇದು ಪ್ರಯೋಗವಲ್ಲ, ದಾಖಲೆಗಳ ಹೋಲಿಕೆ. ನೀರಿನಲ್ಲೇ ಉಳಿದವರು ಮೊದಲೇ ಸರಾಗ ಹೆರಿಗೆಯವರಾಗಿದ್ದಿರಬಹುದು ಎಂಬ ಅನುಮಾನ ಪೂರ್ತಿ ಹೋಗುವುದಿಲ್ಲ.

ಸಂಸ್ಥೆಗಳ ನಿಲುವೂ ಬೇನೆ ಮತ್ತು ಜನನದ ನಡುವಿನ ಗೆರೆಯಲ್ಲೇ ಒಡೆದಿದೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ನೋವು ಶಮನಕ್ಕೆ ನೀರಿನ ಅವಕಾಶ ಕೊಡಬೇಕೆನ್ನುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2016ರ ಅಭಿಪ್ರಾಯದಲ್ಲಿ, ತೊಡಕಿಲ್ಲದ ತುಂಬಿದ ಬಸುರಿಗೆ ಮೊದಲ ಹಂತದಲ್ಲಿ ನೀರು ಸರಿ, ಜನನ ಮಾತ್ರ ಹೊರಗೇ ಆಗಲಿ ಎಂದಿತು.

ತೊಟ್ಟಿಯ ಪಕ್ಕದಲ್ಲಿ

ನೀರಿನ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹೊಟ್ಟೆಯಲ್ಲಿರುವ ಮಗುವಿನ ಮೈ ತಾಯಿಗಿಂತ ಮೊದಲೇ ಅರ್ಧ ಡಿಗ್ರಿಯಷ್ಟು ಬಿಸಿ, ಅದು ಬಿಸಿ ಕಳೆಯಬೇಕಾದ್ದು ತಾಯಿಯ ಮೂಲಕವೇ. ತಾಯಿಯ ಮೈ ಕಾದರೆ ಮಗುವಿನ ಎದೆಬಡಿತ ಏರುತ್ತದೆ. ಆದ್ದರಿಂದ ಗಂಟೆಗೊಮ್ಮೆ ನೀರಿನ ಉಷ್ಣತೆಯನ್ನೂ ತಾಯಿಯ ಜ್ವರವನ್ನೂ ನೋಡುತ್ತಾರೆ. ಸೂಲಗಿತ್ತಿಯ ಕೈಯಲ್ಲಿ ಮಗುವಿನ ಎದೆಬಡಿತ ಕೇಳಲು ನೀರೊಳಗೆ ಕೆಲಸ ಮಾಡುವ ಡಾಪ್ಲರ್, ಬುಡ ಕಾಣಲು ಒಂದು ಕನ್ನಡಿ ಮತ್ತು ಟಾರ್ಚ್, ತೇಲುವ ಕಸ ತೆಗೆಯಲು ಸಣ್ಣ ಜರಡಿ ಇರುತ್ತವೆ. ತಾಯಿ ತಲೆತಿರುಗಿ ಬಿದ್ದರೆ ಎತ್ತಲು ಬಲೆಯನ್ನೂ ಜನರನ್ನೂ ಸಿದ್ಧವಿಟ್ಟುಕೊಳ್ಳಬೇಕು. ಅಫೀಮು ಜಾತಿಯ ನೋವಿನ ಇಂಜೆಕ್ಷನ್ ಕೊಟ್ಟು ಎರಡು ಗಂಟೆಯೊಳಗೆ ನೀರಿಗಿಳಿಸುವಂತಿಲ್ಲ.

ಮಗು ನೀರಿನೊಳಗೆ ಉಸಿರೆಳೆಯುವುದಿಲ್ಲವೆ ಎಂಬ ಪ್ರಶ್ನೆ ಸಹಜ. ಗಂಟಲಿನ ಸೂಕ್ಷ್ಮ ಗ್ರಾಹಕಗಳು ನೀರು ತಗಲಿದೊಡನೆ ಉಸಿರನ್ನು ತಡೆಯುತ್ತವೆ. ಬೆಚ್ಚನೆಯ ನೀರಿನಲ್ಲಿ ಉಸಿರಾಟಕ್ಕೆ ಪ್ರಚೋದನೆಯೂ ಕಡಿಮೆ. ಆದರೆ ತೀವ್ರ ಆಮ್ಲಜನಕದ ಕೊರತೆಯಲ್ಲಿರುವ ಮಗುವಿನಲ್ಲಿ ಈ ತಡೆ ಮುರಿದು ಅದು ಬಾಯಿ ಬಿಡಬಹುದು. ಮಗುವಿನ ಬಗ್ಗೆ ಅನುಮಾನ ಬಂದ ಕೂಡಲೇ ತಾಯಿಯನ್ನು ಹೊರಗೆ ಕರೆಯುವುದು ಇದಕ್ಕೇ. ತಲೆ ಒಮ್ಮೆ ಗಾಳಿಗೆ ಬಂದ ಮೇಲೆ ಮತ್ತೆ ಮುಳುಗಿಸಬಾರದು. ಮಗುವನ್ನು ಮೇಲೆತ್ತುವಾಗ ಬಳ್ಳಿಯ ಮೇಲೆ ಜಗ್ಗು ಬೀಳದಂತೆ ನೋಡಬೇಕು, ಬಳ್ಳಿ ಹರಿದಿಲ್ಲವೆಂದು ಅಲ್ಲೇ ಖಚಿತಪಡಿಸಿಕೊಳ್ಳಬೇಕು.

ಸೋಂಕಿನ ಪೈಕಿ ಗಂಭೀರವಾದದ್ದು ನ್ಯುಮೋನಿಯ ತರುವ ಲೀಜನೆಲ್ಲ ಬ್ಯಾಕ್ಟೀರಿಯ. 2014ರಲ್ಲಿ ಇಂಗ್ಲೆಂಡಿನಲ್ಲಿ, ಮುಂಚಿತವಾಗಿ ತುಂಬಿ ಪಂಪಿನಿಂದ ಬಿಸಿಯಾಗಿಟ್ಟಿದ್ದ ಮನೆತೊಟ್ಟಿಯಲ್ಲಿ ಹುಟ್ಟಿದ ಮಗುವಿಗೆ ಈ ನ್ಯುಮೋನಿಯ ತಗಲಿದ್ದರಿಂದ ಅಂಥ ತೊಟ್ಟಿಗಳನ್ನು ಬಳಸಬೇಡಿರೆಂದು ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಸಿತು.

ಚರ್ಮದೊಳಗೆ ನೀರಿನ ಚುಚ್ಚುಮದ್ದು

ತೊಟ್ಟಿಯಷ್ಟು ಹೆಸರಾಗದಿದ್ದರೂ ನೋವಿನ ಲೆಕ್ಕದಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು ಇದು. ನೀರನ್ನು ಚುಚ್ಚಿದರೆ ಆ ಜಾಗ ಜೋಮುಗಟ್ಟುತ್ತದೆಂದು ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1885ರಲ್ಲೇ ಬರೆದಿದ್ದ. ಬೇನೆಯ ಸೊಂಟನೋವಿಗೆ ಅದನ್ನು ಹೊಂದಿಸಿದವರು ಸ್ಕ್ಯಾಂಡಿನೇವಿಯದ ವೈದ್ಯರು ಮತ್ತು ಸೂಲಗಿತ್ತಿಯರು, 1980ರ ದಶಕದಿಂದೀಚೆಗೆ.

ಗರ್ಭಕೋಶ ಮತ್ತು ಗರ್ಭದ್ವಾರದ ನರಗಳು ಬೆನ್ನುಹುರಿಯನ್ನು ಸೇರುವ ಮಟ್ಟಕ್ಕೇ ಸೊಂಟದ ಚರ್ಮದ ನರಗಳೂ ಸೇರುವುದರಿಂದ, ಒಳಗಿನ ನೋವು ಬೆನ್ನಿನ ಕೆಳಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ನೋವಿನ ಅಲೆಗಳ ನಡುವೆಯೂ ಅದು ಬಿಡುವುದಿಲ್ಲ. ಬೆನ್ನಿನ ಕೆಳಗೆ ಎರಡೂ ಬದಿ ಕಾಣುವ ಗುಳಿಗಳಲ್ಲಿ ಒಂದೊಂದು, ಅವುಗಳಿಂದ ಸುಮಾರು 3 ಸೆಂಟಿಮೀಟರ್ ಕೆಳಗೆ, ತುಸು ಒಳಕ್ಕೆ ಇನ್ನೆರಡು, ಹೀಗೆ ನಾಲ್ಕು ಕಡೆ ಕ್ರಿಮಿರಹಿತ ನೀರನ್ನು ಚುಚ್ಚುತ್ತಾರೆ. ಪ್ರತಿ ಕಡೆಗೂ 0.1 ಮಿಲಿಲೀಟರ್ ಚರ್ಮದೊಳಗೆ, ಇಲ್ಲವೆ 0.5 ಮಿಲಿಲೀಟರ್ ಚರ್ಮದಡಿ. ಕಣಜ ಕುಟುಕಿದಂಥ ಉರಿ ಅರ್ಧ ನಿಮಿಷ ಇರುತ್ತದೆ. ಅದಕ್ಕೇ ನೋವು ಏರುತ್ತಿರುವಾಗಲೇ ಇಬ್ಬರು ಕೂಡಿ ಏಕಕಾಲಕ್ಕೆ ಚುಚ್ಚುವುದು ವಾಡಿಕೆ. ಕೆಲವೇ ನಿಮಿಷಗಳಲ್ಲಿ ಸೊಂಟ ಹಗುರಾಗಿ, ಎರಡು ಗಂಟೆಯವರೆಗೂ ಹಾಗೇ ಇರಬಹುದು. ಮತ್ತೆ ಚುಚ್ಚಲು ಅಡ್ಡಿಯಿಲ್ಲ. ತಾಯಿಗೆ ಮಂಪರು ಬಾರದು, ಕಾಲು ಸೋಲದು. ಹೊಟ್ಟೆಯ ಕಡೆಯ ನೋವಿಗೆ ಇದರಿಂದ ಪ್ರಯೋಜನವಿಲ್ಲ.

ನೀರೇ ಏಕೆ, ಸಲೈನ್ ಏಕಾಗದು? ಸಲೈನ್‌ನಲ್ಲಿರುವ ಉಪ್ಪು ದೇಹದ್ರವಕ್ಕೆ ಸಮ. ಬರಿನೀರಿನಲ್ಲಿ ಉಪ್ಪಿಲ್ಲ, ಸುತ್ತಲಿನ ಜೀವಕೋಶಗಳು ಅದನ್ನು ಹೀರಿ ಉಬ್ಬಿ ಕೆರಳುತ್ತವೆ. ಈ ಚುರುಕು ನೋವು ಮೆದುಳು ಮತ್ತು ಬೆನ್ನುಹುರಿಯ ನೋವು ತಡೆಯುವ ವ್ಯವಸ್ಥೆಯನ್ನು ಎಬ್ಬಿಸುತ್ತದೆಂಬುದು ಸದ್ಯದ ವಿವರಣೆ. ಆಸ್ಟ್ರೇಲಿಯದ 15 ಮತ್ತು ಬ್ರಿಟನ್ನಿನ ಒಂದು ಆಸ್ಪತ್ರೆಯ 1,866 ಹೆಂಗಸರ ಪ್ರಯೋಗದಲ್ಲಿ (2020) ಹೋಲಿಕೆಗೆ ಸಲೈನನ್ನೇ ಬಳಸಿದ್ದರು. ಅರ್ಧ ಗಂಟೆಯಲ್ಲಿ ಸೊಂಟನೋವು ಶೇ. 30ರಷ್ಟಾದರೂ ಇಳಿದವರು ನೀರಿನ ಗುಂಪಿನಲ್ಲಿ ಸುಮಾರು ಶೇ. 61, ಸಲೈನ್ ಗುಂಪಿನಲ್ಲಿ ಶೇ. 31. ಸಿಸೇರಿಯನ್ ಕಡಿಮೆಯಾದೀತೆಂಬ ನಿರೀಕ್ಷೆ ಫಲಿಸಲಿಲ್ಲ. ನೀರನ್ನು ರಕ್ತನಾಳಕ್ಕೆ ಕೊಡುವಂತಿಲ್ಲ, ಪ್ರಮಾಣ ಮೀರುವಂತಿಲ್ಲ.

ಷವರ್ ಮತ್ತು ಶಾಖ

ಬ್ರೆಜಿಲ್‌ನ ಹೆರಿಗೆ ಆಸ್ಪತ್ರೆಗಳಲ್ಲಿ ಷವರ್ ಬಳಕೆ ವ್ಯಾಪಕ, ಅಧ್ಯಯನಗಳು ಸಣ್ಣವು. ಮಗು ಹೊರಬರುವ ಹಂತದಲ್ಲಿ ಬುಡಕ್ಕೆ ಬಿಸಿಬಟ್ಟೆಯ ಶಾಖ ಕೊಟ್ಟರೆ ಅಲ್ಲಿ ತೀವ್ರವಾಗಿ ಹರಿಯುವುದು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳಲ್ಲಿ ಇದಕ್ಕೆ ಜಾಗವಿದೆ.

ಭಾರತದಲ್ಲಿ

ಬೇನೆ ಕಂಡ ಬಸುರಿಯ ಸೊಂಟಕ್ಕೆ ಬಿಸಿನೀರು ಹಾಕಿ, ಜೀರಿಗೆ ಕಷಾಯ ಕುಡಿಸಿ, ಸುಳ್ಳು ನೋವಾದರೆ ಇಳಿಯುತ್ತದೆ, ನಿಜವಾದರೆ ಏರುತ್ತದೆ ಎಂದು ನೋಡುವ ಪದ್ಧತಿ ಕರ್ನಾಟಕದ ಹಳ್ಳಿಗಳಲ್ಲಿತ್ತು. ಬಾಣಂತಿಗೆ ಹಂಡೆಗಟ್ಟಲೆ ನೀರು ಹಾಕುವುದು ಹೆರಿಗೆಯ ನಂತರದ ಆರೈಕೆ, ಈ ಲೇಖನಕ್ಕೆ ಸೇರಿದ್ದಲ್ಲ. ತೊಟ್ಟಿಯ ಸೌಲಭ್ಯ ಬೆಂಗಳೂರು, ಹೈದರಾಬಾದ್, ಕೊಚ್ಚಿಯಂಥ ನಗರಗಳ ಕೆಲವು ಖಾಸಗಿ ಕೇಂದ್ರಗಳಿಗೆ ಸೀಮಿತ. ಜಿಲ್ಲಾಸ್ಪತ್ರೆಯ ಲೇಬರ್ ವಾರ್ಡಿಗೆ ತೊಟ್ಟಿ ತರುವುದಕ್ಕಿಂತ ಚುಚ್ಚುಮದ್ದಿನ ನೀರು ಮತ್ತು ಬಿಸಿನೀರಿನ ನಲ್ಲಿ ಹೆಚ್ಚು ಕಾರ್ಯಸಾಧ್ಯ. ತೊಟ್ಟಿಗೆ ನೂರಾರು ಲೀಟರ್ ಶುದ್ಧ ನೀರು ಮತ್ತು ಪಕ್ಕದಲ್ಲೇ ಕೂರುವ ಒಬ್ಬ ಸೂಲಗಿತ್ತಿ ಬೇಕು, ಚುಚ್ಚುಮದ್ದಿಗೆ ಸಿರಿಂಜು ಮತ್ತು ಒಂದು ಆಂಪೂಲು ಸಾಕು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಿಡ್‌ವೈಫರಿ ಮಾರ್ಗಸೂಚಿ, ಹೆರಿಗೆ ಕೌಶಲದಲ್ಲಿ ಹದಿನೆಂಟು ತಿಂಗಳ ತರಬೇತಿ ಪಡೆದ ನರ್ಸ್‌ಗಳ ಹೊಸ ವರ್ಗವೊಂದನ್ನು ರೂಪಿಸಿದೆ. ಔಷಧವಿಲ್ಲದ ನೋವು ಶಮನದ ವಿಧಾನಗಳು ಸರ್ಕಾರಿ ಆಸ್ಪತ್ರೆಗೆ ಬರುವುದಾದರೆ ಬಹುಶಃ ಇವರ ಮೂಲಕವೇ.