ಚಪ್ಪಾಳೆ ಬೇರೆ, ಮತ ಬೇರೆ

ಅಮೆರಿಕದ ಡಿಬೇಟ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಹೇಳುವುದು ಒಂದೇ ಕತೆ. 1960, ಕೆನಡಿ ಮತ್ತು ನಿಕ್ಸನ್. ಕೆನಡಿ ಟಿವಿಯಲ್ಲಿ ಚೆನ್ನಾಗಿ ಕಂಡರು, ನಿಕ್ಸನ್ ಬೆವೆತರು, ಕೆನಡಿ ಗೆದ್ದರು. ಕತೆ ಅಲ್ಲಿಗೆ ಮುಗೀತು. ಆದರೆ ಅದು ಎರಡು ಪಕ್ಷಗಳ ನಡುವಿನ ಜಗಳ. ಅಂಥ ಡಿಬೇಟ್ ನೋಡೋಕೆ ಕೂತವರಲ್ಲಿ ಬಹುಪಾಲು ಜನ ತಮ್ಮ ಕಡೆ ಯಾವುದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರ್ತಾರೆ.

ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸೋದು ಅದಕ್ಕೂ ಮೊದಲು ನಡೆಯುವ ಡಿಬೇಟ್‌ಗಳು. ಒಂದೇ ಪಕ್ಷದವರು, ಒಂದೇ ಬಾವುಟದ ಕೆಳಗಿನವರು, ಟಿಕೆಟ್‌ಗಾಗಿ ತಮ್ಮತಮ್ಮಲ್ಲೇ ಸೆಣಸುವ ಪ್ರೈಮರಿ ಡಿಬೇಟ್‌ಗಳು. ಇಲ್ಲಿ ಪಕ್ಷದ ಚಿಹ್ನೆ ನೋಡಿ ವೋಟು ಹಾಕೋಕೆ ಆಗಲ್ಲ. ಎಲ್ಲರದ್ದೂ ಒಂದೇ ಚಿಹ್ನೆ. ಹಾಗಾಗಿ ಮತದಾರ ಮನುಷ್ಯನನ್ನೇ ನೋಡಬೇಕು. ಆತ ಏನು ನೋಡ್ತಾನೆ? ಚಪ್ಪಾಳೆ ತಟ್ಟಿದವನಿಗೇ ಮತ ಹಾಕ್ತಾನಾ? ಎಪ್ಪತ್ತೈದು ವರ್ಷಗಳ ಇತಿಹಾಸ ತೆರೆದು ನೋಡಿದರೆ ಉತ್ತರ ಸ್ವಾರಸ್ಯಕರವಾಗಿದೆ.

1948ಕ್ಕೆ ಹೋಗೋಣ. ಟಿವಿ ಇನ್ನೂ ಮನೆಮನೆಗೆ ಬಂದಿರಲಿಲ್ಲ, ರೇಡಿಯೋ ಕಾಲ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಮೇ 17ರಂದು ಇಬ್ಬರು ರಿಪಬ್ಲಿಕನ್ನರು ಎದುರುಬದುರಾದರು. ಒಬ್ಬರು ನ್ಯೂಯಾರ್ಕ್ ಗವರ್ನರ್ ಥಾಮಸ್ ಡ್ಯೂಯಿ, ಇನ್ನೊಬ್ಬರು ಮಿನ್ನೆಸೋಟದ ಮಾಜಿ ಗವರ್ನರ್ ಹೆರಾಲ್ಡ್ ಸ್ಟಾಸನ್. ಇಡೀ ಚರ್ಚೆಗೆ ಒಂದೇ ಪ್ರಶ್ನೆ: ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಬೇಕೇ, ಬೇಡವೇ? ಸುಮಾರು ಒಂದು ಗಂಟೆ ಅದೊಂದೇ ವಿಷಯ. ಇವತ್ತಿನ ಚಾನೆಲ್‌ಗಳಲ್ಲಿ ಇದನ್ನು ಕಲ್ಪಿಸಿಕೊಳ್ಳೋಕೂ ಆಗಲ್ಲ ಬಿಡಿ.

ಶೀತಲ ಸಮರ ಶುರುವಾಗಿದ್ದ ದಿನಗಳವು. ನಿಷೇಧಿಸಿ ಅಂದರೆ ಜನ ಮೆಚ್ಚುತ್ತಾರೆ ಅನ್ನೋದು ಯಾರಿಗಾದರೂ ಹೊಳೆಯುವ ಲೆಕ್ಕ. ಸ್ಟಾಸನ್ ಅದನ್ನೇ ಹೇಳಿದರು. ವಿಸ್ಕಾನ್ಸಿನ್, ನೆಬ್ರಾಸ್ಕ ಪ್ರೈಮರಿಗಳನ್ನು ಗೆದ್ದು ಬಂದಿದ್ದ ಅವರ ಗಾಳಿ ಜೋರಾಗಿತ್ತು. ಡ್ಯೂಯಿ ಬೇಡ ಅಂದರು. ನಿಷೇಧ ಮಾಡಿದರೆ ಅವರು ಭೂಗತರಾಗ್ತಾರೆ, ವಿಚಾರವನ್ನು ಕಾನೂನಿನಿಂದ ಕೊಲ್ಲೋಕೆ ಆಗಲ್ಲ ಅಂತ ವಕೀಲರ ಹಾಗೆ ಒಂದೊಂದೇ ಅಂಶ ಬಿಡಿಸಿಟ್ಟರು. ನಾಲ್ಕು ದಿನಗಳ ನಂತರ ಮತದಾನ. ಒರೆಗಾನ್ ಗೆದ್ದದ್ದು ಡ್ಯೂಯಿ! ಪಕ್ಷದ ಟಿಕೆಟ್ ಸಿಕ್ಕಿದ್ದೂ ಅವರಿಗೇ. ಕಿವಿಗೆ ಹಿತವಾದ ಮಾತು ಹೇಳಿದವನೇ ಗೆಲ್ತಾನೆ ಅನ್ನೋ ಲೆಕ್ಕ ಅವತ್ತೇ ಒಂದು ಸಲ ತಲೆಕೆಳಗಾಗಿತ್ತು. ನವೆಂಬರ್‌ನಲ್ಲಿ ಅದೇ ಡ್ಯೂಯಿ ಟ್ರೂಮನ್ ಎದುರು ಸೋತರು, ಅದು ಬೇರೆ ಮಾತು.

ಆದರೆ ಆ ಕಾಲದಲ್ಲಿ ಪ್ರೈಮರಿಗೆ ಪೂರ್ತಿ ಅಧಿಕಾರ ಇರಲಿಲ್ಲ. ಕೊನೆಯ ಮಾತು ಪಕ್ಷದ ದೊಡ್ಡವರದ್ದೇ. ಅದು ಸ್ಫೋಟಗೊಂಡದ್ದು 1968ರಲ್ಲಿ. ವಿಯೆಟ್ನಾಂ ಯುದ್ಧದ ವಿರುದ್ಧ ಯೂಜೀನ್ ಮೆಕಾರ್ಥಿ, ರಾಬರ್ಟ್ ಕೆನಡಿ ಇಬ್ಬರೂ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ಊರೂರು ತಿರುಗಿದರು. ಜೂನ್ 1ರಂದು ಇಬ್ಬರೂ ಟಿವಿಯಲ್ಲಿ ಚರ್ಚೆಗೆ ಕೂತರು. ಮೂರು ದಿನ ಬಿಟ್ಟು ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ಕೆನಡಿಗೆ ಗುಂಡೇಟು. ಆಗಸ್ಟ್‌ನಲ್ಲಿ ಶಿಕಾಗೋ ಸಮಾವೇಶದಲ್ಲಿ ಟಿಕೆಟ್ ಯಾರಿಗೆ ಸಿಕ್ತು ಗೊತ್ತಾ? ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ. ಅವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ! ಹೊರಗೆ ಬೀದಿಯಲ್ಲಿ ಯುವಕರ ಮೇಲೆ ಪೊಲೀಸರ ಲಾಠಿ, ಒಳಗೆ ಹೈಕಮಾಂಡ್ ಆಯ್ಕೆ. ಹಂಫ್ರಿ ನಿಕ್ಸನ್ ಎದುರು ಸೋತರು. ಆ ಪೆಟ್ಟಿನಿಂದ ಎಚ್ಚೆತ್ತ ಪಕ್ಷ ಮೆಕ್‌ಗವರ್ನ್ ನೇತೃತ್ವದಲ್ಲಿ ಆಯೋಗ ಮಾಡಿ ನಿಯಮ ಬದಲಿಸಿತು. 1972ರಿಂದ ಅಭ್ಯರ್ಥಿಯನ್ನು ಆರಿಸುವ ಕೀಲಿಕೈ ಮತದಾರನ ಕೈಗೆ ಬಂತು. ಡಿಬೇಟ್‌ಗೆ ನಿಜವಾದ ತೂಕ ಬಂದದ್ದು ಆಗಲೇ.

ಈ ತೂಕ ಎಷ್ಟು ಅಂತ ತೋರಿಸಿದವರು ರೊನಾಲ್ಡ್ ರೇಗನ್. 1980ರ ಜನವರಿಯಲ್ಲಿ ಅಯೋವಾದ ಡಿಬೇಟ್‌ಗೆ ಅವರು ಹೋಗಲೇ ಇಲ್ಲ. ನನಗೇಕೆ ಬೇಕು ಅನ್ನೋ ಧೋರಣೆ. ಅಯೋವಾ ಜನ ಜಾರ್ಜ್ ಬುಷ್ ಅವರನ್ನು ಗೆಲ್ಲಿಸಿ ಕಳಿಸಿದರು. ರೇಗನ್‌ಗೆ ಬುದ್ಧಿ ಬಂತು. ಮುಂದಿನ ತಿಂಗಳು ನ್ಯೂ ಹ್ಯಾಂಪ್‌ಶೈರ್‌ನ ನಾಶುವಾ ಊರಿನಲ್ಲಿ ಸ್ಥಳೀಯ ಪತ್ರಿಕೆಯೊಂದು ಬುಷ್ ಮತ್ತು ರೇಗನ್ ಇಬ್ಬರಿಗೇ ಅಂತ ಡಿಬೇಟ್ ಇಟ್ಟಿತ್ತು. ಉಳಿದವರು ತಕರಾರು ತೆಗೆದರು. ಕೊನೆಗೆ ಖರ್ಚು ಕೊಟ್ಟಿದ್ದು ರೇಗನ್ ಕಡೆಯವರು. ಅವರು ಉಳಿದ ನಾಲ್ವರನ್ನೂ ವೇದಿಕೆಗೆ ಕರೆದುಕೊಂಡು ಬಂದರು. ಗದ್ದಲವಾಯಿತು. ರೇಗನ್ ಮೈಕ್ ಆಫ್ ಮಾಡಿ ಅಂತ ನಿರೂಪಕ ಹೇಳಿದಾಗ ರೇಗನ್ ಸಿಡಿದೆದ್ದರು: ಈ ಮೈಕಿಗೆ ದುಡ್ಡು ಕೊಟ್ಟಿರೋದು ನಾನು! ಸಿಟ್ಟಿನಲ್ಲಿ ನಿರೂಪಕನ ಹೆಸರನ್ನೂ ತಪ್ಪಾಗಿ ಕರೆದರು. ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಬುಷ್ ಮಾತ್ರ ಅಲ್ಲಾಡದೆ ಕೂತಿದ್ದರು. ಮೂರನೇ ದಿನ ರೇಗನ್‌ಗೆ ಬುಷ್‌ಗಿಂತ ದುಪ್ಪಟ್ಟಿಗೂ ಹೆಚ್ಚು ಮತ.

ಹಾಗಾದರೆ ಚಪ್ಪಾಳೆಯೇ ಮತ ಆಯ್ತಲ್ಲ? ಅವಸರ ಬೇಡ. ಅವತ್ತು ತೆರಿಗೆಯ ಬಗ್ಗೆಯೋ ಸೋವಿಯತ್ ರಷ್ಯಾದ ಬಗ್ಗೆಯೋ ರೇಗನ್ ಹೊಸದೇನನ್ನೂ ಹೇಳಿರಲಿಲ್ಲ. ಆದರೆ 69 ವರ್ಷದ ಈ ಮನುಷ್ಯನಿಗೆ ಕಸುವು ಇದೆಯಾ ಅನ್ನೋ ಅನುಮಾನ ಜನರ ಮನಸ್ಸಲ್ಲಿತ್ತು. ಆ ಅನುಮಾನಕ್ಕೆ ಉತ್ತರ ಸಿಕ್ಕಿತು. ಮತದಾರ ಡಿಬೇಟ್ ನೋಡೋಕೆ ಖಾಲಿ ತಲೆಯಲ್ಲಿ ಬರೋದಿಲ್ಲ. ಒಂದು ಪ್ರಶ್ನೆ ಇಟ್ಟುಕೊಂಡೇ ಬರ್ತಾನೆ. ಆ ಪ್ರಶ್ನೆ ನಿರೂಪಕ ಕೇಳುವ ಪ್ರಶ್ನೆ ಆಗಿರಬೇಕು ಅಂತೇನೂ ಇಲ್ಲ.

ಇದಕ್ಕೆ ಪಕ್ಕಾ ಸಾಕ್ಷಿ 2012. ಜನವರಿ 19, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್. ನಿರೂಪಕರು ಮೊದಲ ಪ್ರಶ್ನೆಯನ್ನೇ ನ್ಯೂಟ್ ಗಿಂಗ್ರಿಚ್ ಅವರ ಮಾಜಿ ಪತ್ನಿಯ ಆರೋಪದ ಬಗ್ಗೆ ಕೇಳಿದರು. ಗಿಂಗ್ರಿಚ್ ಇಡೀ ಮಾಧ್ಯಮಲೋಕದ ಮೇಲೆ ಎಗರಿಬಿದ್ದರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಮ್ಮ ವೃತ್ತಿಯವರನ್ನು ಬೈದರೆ ಚಪ್ಪಾಳೆ ಗ್ಯಾರಂಟಿ, ಇದು ಎಲ್ಲಾ ದೇಶಕ್ಕೂ ಅನ್ವಯಿಸುವ ಸತ್ಯ. ಎರಡೇ ದಿನಕ್ಕೆ ಗಿಂಗ್ರಿಚ್ ಆ ರಾಜ್ಯದಲ್ಲಿ ಮಿಟ್ ರಾಮ್ನಿಯನ್ನು ಸುಲಭವಾಗಿ ಸೋಲಿಸಿದರು. ಮುಂದಿನ ಡಿಬೇಟ್ ಫ್ಲೋರಿಡಾದಲ್ಲಿ. ಅಲ್ಲಿ ಸಭಿಕರಿಗೆ ಚಪ್ಪಾಳೆ ತಟ್ಟಬೇಡಿ ಅಂತ ಸೂಚನೆ ಇತ್ತು. ಗಿಂಗ್ರಿಚ್ ಸಪ್ಪಗಾದರು, ಆಮೇಲೆ ದೂರನ್ನೂ ಹೇಳಿದರು. ಜನವರಿ 31ಕ್ಕೆ ಫ್ಲೋರಿಡಾ ಫಲಿತಾಂಶ: ರಾಮ್ನಿಗೆ ಭಾರಿ ಗೆಲುವು. ಚಪ್ಪಾಳೆಯ ಆಯಸ್ಸು ಹನ್ನೆರಡು ದಿನ!

ಇನ್ನೊಂದು ವಿಚಿತ್ರ ನೋಡಿ. ಡಿಬೇಟ್‌ನಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡವಿದವನಿಗೆ ಲಾಭ ಸಿಗಲೇಬೇಕು ಅಂತಿಲ್ಲ. 2016ರ ಫೆಬ್ರವರಿ 6ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕ್ರಿಸ್ ಕ್ರಿಸ್ಟಿ ಅವರು ಮಾರ್ಕೊ ರೂಬಿಯೊ ಮೇಲೆ ಮುಗಿಬಿದ್ದರು. ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸ್ತಿದ್ದೀರಿ ಅಂತ ಚುಚ್ಚಿದರು. ರೂಬಿಯೊ ಉತ್ತರವಾಗಿ ಅದೇ ವಾಕ್ಯವನ್ನು ಮತ್ತೆ ಹೇಳಿದರು, ಮತ್ತೊಮ್ಮೆ ಹೇಳಿದರು! ಮೂರು ದಿನದ ನಂತರ ರೂಬಿಯೊ ಐದನೇ ಸ್ಥಾನಕ್ಕೆ ಕುಸಿದರು. ಹೊಡೆದ ಕ್ರಿಸ್ಟಿ? ಆರನೇ ಸ್ಥಾನ. ಮರುದಿನವೇ ಕಣದಿಂದ ಹೊರಗೆ. ಗೆದ್ದದ್ದು ಡೊನಾಲ್ಡ್ ಟ್ರಂಪ್. ಇಬ್ಬರ ಜಗಳ, ಮೂರನೆಯವನಿಗೆ ಲಾಭ ಅಂತಾರಲ್ಲ, ಹಾಗೆ.

ಕಮಲಾ ಹ್ಯಾರಿಸ್ ಕತೆಯೂ ಇದೇ ದಾರಿಯದು. 2019ರ ಜೂನ್ 27, ಮಯಾಮಿ. ಶಾಲಾ ಬಸ್ ಮೂಲಕ ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸುವ ಹಳೆಯ ಯೋಜನೆಯ ವಿಚಾರದಲ್ಲಿ ಅವರು ಜೋ ಬೈಡನ್ ಅವರನ್ನು ತರಾಟೆಗೆ ತೆಗೆದುಕೊಂಡರು. ಆ ಬಸ್ಸಿನಲ್ಲಿ ಹೋಗುತ್ತಿದ್ದ ಪುಟ್ಟ ಹುಡುಗಿ ನಾನೇ ಅಂದರು. ಸಮೀಕ್ಷೆಗಳಲ್ಲಿ ಕಮಲಾ ಜಿಗಿದರು, ಬೈಡನ್ ಜಾರಿದರು. ಆದರೆ ಡಿಸೆಂಬರ್ ಹೊತ್ತಿಗೆ, ಒಂದೇ ಒಂದು ಮತ ಬೀಳುವ ಮೊದಲೇ, ಕಮಲಾ ಕಣದಿಂದ ಹಿಂದೆ ಸರಿದಿದ್ದರು. ಬೈಡನ್ ಮಾತ್ರ ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ, ಕುಂಟುತ್ತಲೇ ದಕ್ಷಿಣ ಕೆರೊಲಿನಾ ತಲುಪಿದರು. ಅಲ್ಲಿ ಡೆಮಾಕ್ರಟಿಕ್ ಪ್ರೈಮರಿಯ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ವರ್ಣೀಯರು. ಮಯಾಮಿಯ ಆ ಮಾತು ಯಾರ ಪರವಾಗಿ ಆಡಿದ್ದೋ ಅವರೇ 2020ರ ಫೆಬ್ರವರಿ 29ರಂದು ಬೈಡನ್ ಕೈ ಹಿಡಿದರು. ಟ್ರಂಪ್ ಅವರನ್ನು ಯಾರು ಸೋಲಿಸಬಲ್ಲರು ಅನ್ನೋದು ಅವರ ಪ್ರಶ್ನೆಯಾಗಿತ್ತು. ಡಿಬೇಟ್ ಯಾರು ಗೆದ್ದರು ಅನ್ನೋದು ನಮ್ಮಂಥ ಟಿವಿಯವರ ಪ್ರಶ್ನೆ.

ಇಷ್ಟೆಲ್ಲಾ ಕೇಳಿದ ಮೇಲೆ ನೀವು ಕೇಳಬಹುದು: ಹಾಗಾದರೆ ಡಿಬೇಟ್ ಯಾಕೆ ಬೇಕು ಸ್ವಾಮಿ? ಟ್ರಂಪ್ ಹಾಗೇ ಯೋಚಿಸಿದರು. 2023ರ ಆಗಸ್ಟ್‌ನಲ್ಲಿ ಮಿಲ್ವಾಕಿಯಲ್ಲಿ ಶುರುವಾದ ರಿಪಬ್ಲಿಕನ್ ಪ್ರೈಮರಿ ಡಿಬೇಟ್‌ಗಳಲ್ಲಿ ಒಂದಕ್ಕೂ ಅವರು ಹೋಗಲಿಲ್ಲ. ಭಾರತೀಯ ಮೂಲದ ನಿಕ್ಕಿ ಹೇಲಿ, ವಿವೇಕ್ ರಾಮಸ್ವಾಮಿ ಆ ವೇದಿಕೆಯಲ್ಲಿ ಕಿತ್ತಾಡಿದ್ದನ್ನು ನಾವೂ ಆಸಕ್ತಿಯಿಂದ ನೋಡಿದೆವು. ಟಿಕೆಟ್ ಸಿಕ್ಕಿದ್ದು ವೇದಿಕೆಗೇ ಬಾರದವರಿಗೆ. 1980ರಲ್ಲಿ ಅಯೋವಾ ಜನ ರೇಗನ್‌ಗೆ ಕೊಟ್ಟ ಪೆಟ್ಟನ್ನು ಟ್ರಂಪ್‌ಗೆ ಯಾರೂ ಕೊಡಲಿಲ್ಲ. ಅವರ ಬಗ್ಗೆ ಮತದಾರರ ಬಳಿ ಯಾವ ಪ್ರಶ್ನೆಯೂ ಬಾಕಿ ಇರಲಿಲ್ಲ.

ಆದರೆ ಆ ಕಡೆ ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರಶ್ನೆ ಇತ್ತು. ಬೈಡನ್ ಅವರಿಗೆ 81 ವರ್ಷ. ಇನ್ನೊಂದು ಅವಧಿ ಆಗುತ್ತಾ? ಅಧ್ಯಕ್ಷರೇ ಮತ್ತೆ ಸ್ಪರ್ಧಿಸುವಾಗ ಪ್ರೈಮರಿ ಡಿಬೇಟ್ ಇಲ್ಲ ಅನ್ನೋದು ಹಳೇ ಸಂಪ್ರದಾಯ. ಪಕ್ಷ ಡಿಬೇಟ್ ಇಡಲಿಲ್ಲ. ಬೈಡನ್ ಪ್ರೈಮರಿಗಳನ್ನು ಸಲೀಸಾಗಿ ಗೆದ್ದರು. ಆಮೇಲೆ 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಟ್ರಂಪ್ ಎದುರು ನಿಂತಾಗ ಜಗತ್ತೇ ನೋಡಿತು: ಧ್ವನಿ ಇಲ್ಲ, ವಾಕ್ಯ ಮುಗಿಯುತ್ತಿಲ್ಲ. ಜುಲೈ 21ಕ್ಕೆ ಅವರು ಹಿಂದೆ ಸರಿದರು. ಹೊಸ ಪ್ರೈಮರಿಗೆ ಸಮಯ ಇರಲಿಲ್ಲ. ಕಮಲಾಗೆ ಟಿಕೆಟ್, ನವೆಂಬರ್‌ನಲ್ಲಿ ಸೋಲು. 1968ರ ಹಂಫ್ರಿ ನೆನಪಾಗಲ್ವಾ? ಜನವರಿಯಲ್ಲೇ ಬೈಡನ್ ಅವರನ್ನು ತಮ್ಮ ಪಕ್ಷದವರ ಜೊತೆ ಒಂದು ಗಂಟೆ ನಿಲ್ಲಿಸಿದ್ದರೆ ಮತದಾರ ಆಗಲೇ ನೋಡುತ್ತಿದ್ದ. ಫಲಿತಾಂಶ ಬದಲಾಗುತ್ತಿತ್ತು ಅಂತ ನಾನು ಹೇಳಲ್ಲ. ನೋಡಿ ತೀರ್ಮಾನಿಸುವ ಹಕ್ಕು ಉಳಿಯುತ್ತಿತ್ತು, ಅಷ್ಟೇ.

ನಮ್ಮ ಕಡೆ ಬರೋಣ. ನಮ್ಮಲ್ಲಿ ಇಂಥದ್ದೊಂದು ಪ್ರಯೋಗ ನಡೆದೇ ಇಲ್ಲ ಅಂತಲ್ಲ. 2014ರ ಲೋಕಸಭೆ ಚುನಾವಣೆಗೆ ಮೊದಲು ರಾಹುಲ್ ಗಾಂಧಿ ಅವರ ಯೋಜನೆಯಂತೆ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ದಕ್ಷಿಣ ಕನ್ನಡದಲ್ಲಿ ಹಿರಿಯರಾದ ಜನಾರ್ದನ ಪೂಜಾರಿ ಹೀಗೆ ಆಯ್ಕೆಯಾಗಿ ಬಂದರು. ಆದರೆ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಜನಸಾಮಾನ್ಯರಲ್ಲ. ಎರಡೂ ಕಡೆ ಪಕ್ಷ ಸೋತಿತು, ಪ್ರಯೋಗವೂ ಮೂಲೆ ಸೇರಿತು. ಮತ್ತೆ ಅದೇ ಹೈಕಮಾಂಡ್, ಅದೇ ದೆಹಲಿ ವಿಮಾನ, ಮಧ್ಯರಾತ್ರಿ ಬರುವ ಅದೇ ಬಿ ಫಾರಂ. ಇದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

ಟಿಕೆಟ್ ಹಂಚಿಕೆಯ ದಿನ ಪಕ್ಷದ ಕಚೇರಿ ಮುಂದೆ ಟೈರ್ ಸುಡುವವರನ್ನು ನಾವು ಟಿವಿಯಲ್ಲಿ ತೋರಿಸ್ತೀವಿ. ಅವರಿಗೆ ಸಿಟ್ಟು ಇದೆ, ಹೇಳಿಕೊಳ್ಳೋಕೆ ವೇದಿಕೆ ಇಲ್ಲ. ಒಂದೇ ಪಕ್ಷದ ಮೂವರು ಆಕಾಂಕ್ಷಿಗಳು ತಾಲ್ಲೂಕು ಕೇಂದ್ರದ ಒಂದು ಸಭಾಭವನದಲ್ಲಿ ಅಕ್ಕಪಕ್ಕ ನಿಂತು, ಕುಡಿಯೋ ನೀರು ಯಾವಾಗ ಬರುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಕೊಡೋದನ್ನು ಒಮ್ಮೆ ಊಹಿಸಿಕೊಳ್ಳಿ. ಯಾರಿಗೆ ಎಷ್ಟು ಚಪ್ಪಾಳೆ ಬಿತ್ತು ಅಂತ ನಾವು ಟಿವಿಯವರು ಲೆಕ್ಕ ಹಾಕ್ತಾ ಕೂರ್ತೀವಿ. ನೀವು ಮನೆಗೆ ಹೋಗಿ, ರಾತ್ರಿ ಮಲಗಿ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅಂತ ಯೋಚಿಸಿ ಮತ ಹಾಕಿ. ಸದ್ಯಕ್ಕೆ ನಿಮಗೆ ಆ ಅವಕಾಶ ಇಲ್ಲ. ಅದನ್ನು ಕೇಳಿ ಪಡೆಯಬೇಕಾದವರೂ ನೀವೇ.