ಯಲವಿಗಿಯಿಂದ ಅಘನಾಶಿನಿಗೆ: ಎರೆ ಬಯಲು, ಕೆರೆ, ಘಟ್ಟ, ಕಡಲಿನ ಸೈಕಲ್ ದಾರಿ

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಹೊರಟ ರೈಲಿಗೆ ಹಾವೇರಿಗಿಂತ ಮೊದಲು ಸಿಗುವ ಸಣ್ಣ ನಿಲ್ದಾಣ ಯಲವಿಗಿ. ಸವಣೂರು ತಾಲ್ಲೂಕಿನ ಈ ಗ್ರಾಮವನ್ನು ಪ್ರವಾಸಿ ತಾಣವೆಂದು ಯಾರೂ ಗುರುತಿಸಿಲ್ಲ. ಆದರೆ ಸೈಕಲ್ ಏರಿ ನಾಡು ನೋಡಬಯಸುವವರಿಗೆ ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ಅನುಕೂಲವಾದ ಆರಂಭದ ಸ್ಥಳ ಸಿಗುವುದು ಕಷ್ಟ. ಇಲ್ಲಿಂದ ಪಶ್ಚಿಮಕ್ಕೆ ಸವಣೂರು, ಬಂಕಾಪುರ, ಹಾನಗಲ್ಲ, ಶಿರಸಿ ಮಾರ್ಗವಾಗಿ ಕುಮಟಾಕ್ಕೆ ಸುಮಾರು 160 ಕಿ.ಮೀ. ಅಷ್ಟರೊಳಗೆ ಎರೆ ಭೂಮಿ, ಕೆರೆಗಳ ಸೀಮೆ, ಅಡಿಕೆ ತೋಟ, ಸಹ್ಯಾದ್ರಿಯ ಇಳಿಜಾರು ಮತ್ತು ಅರಬ್ಬಿ ಸಮುದ್ರ ಒಂದರ ನಂತರ ಒಂದು ಎದುರಾಗುತ್ತವೆ.

ದಾರಿಯ ದಿಕ್ಕು ಇಲ್ಲಿ ಮುಖ್ಯ. ಹಾವೇರಿ ಸೀಮೆಯೂ ಶಿರಸಿಯೂ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಅಂದರೆ 550ರಿಂದ 600 ಮೀಟರ್ ಆಸುಪಾಸಿನಲ್ಲಿವೆ. ಹೀಗಾಗಿ ಪೂರ್ವದಿಂದ ಹೊರಟವರಿಗೆ ಸಣ್ಣಪುಟ್ಟ ದಿನ್ನೆಗಳ ಹೊರತು ದೊಡ್ಡ ಏರು ಇಲ್ಲ. ಗಳಿಸಿದ ಎತ್ತರವೆಲ್ಲ ಶಿರಸಿಯ ಆಚೆಯ ಘಟ್ಟದಲ್ಲಿ ಒಮ್ಮೆಲೇ ಕರಗುತ್ತದೆ. ಕುಮಟಾದಿಂದ ಹೊರಡುವವರು ಅದೇ ಘಟ್ಟವನ್ನು ಮೊದಲ ದಿನವೇ ಹತ್ತಬೇಕಾಗುತ್ತದೆ. ಗಾಳಿಯ ಲೆಕ್ಕವೂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಯಲು ಸೀಮೆಯಲ್ಲಿ ಪಶ್ಚಿಮದ ಗಾಳಿ ಜೋರು, ಸವಾರನ ಎದೆಗೇ ಬಡಿಯುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುವುದರಿಂದ ಬೆನ್ನಿಗೆ ಆಸರೆಯಾಗುತ್ತದೆ. ನವೆಂಬರ್‌ನಿಂದ ಜನವರಿ ಅತ್ಯುತ್ತಮ ಕಾಲ.

ಬಯಲಿನ ಮೊದಲ ದಿನ

ಒಂದು ದಿನ ಹೆಚ್ಚಿಗೆ ಇದ್ದವರು ಪಶ್ಚಿಮಕ್ಕೆ ತಿರುಗುವ ಮೊದಲು ಲಕ್ಷ್ಮೇಶ್ವರದ ಮೂಲಕ ಮಾಗಡಿ ಕೆರೆಗೆ ಹೋಗಿ ಬರಬಹುದು. ಗದಗ ಜಿಲ್ಲೆಯ ಈ ಕೆರೆಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಮಿಸಿ, ಮೇವಿಗಾಗಿ ಸುತ್ತಲಿನ ಹೊಲಗಳಿಗೆ ಹಾರುವುದು ಅವುಗಳ ಕ್ರಮ. 2024ರ ಜನವರಿ ಕೊನೆಯಲ್ಲಿ ಮಾಗಡಿ ಕೆರೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದ ಘೋಷಣೆ ಹೊರಬಿತ್ತು. ಅದೇ ಘೋಷಣೆಯಲ್ಲಿ ಅಘನಾಶಿನಿ ಅಳಿವೆಯ ಹೆಸರೂ ಇತ್ತು. ಈ ದಾರಿಯ ಎರಡು ತುದಿಗಳೂ ಒಂದೇ ದಿನ ಒಂದೇ ಪಟ್ಟಿಗೆ ಸೇರಿದ್ದು ಕಾಕತಾಳೀಯವಾದರೂ ಸ್ವಾರಸ್ಯಕರ.

ಯಲವಿಗಿಯಿಂದ ಹತ್ತು-ಹದಿನೈದು ಕಿ.ಮೀ. ಕ್ರಮಿಸಿದರೆ ಸವಣೂರು. 1948ರವರೆಗೆ ನವಾಬರ ಆಳ್ವಿಕೆಯಲ್ಲಿದ್ದ, ಕವಿ ವಿ.ಕೃ. ಗೋಕಾಕರು 1909ರಲ್ಲಿ ಜನಿಸಿದ ಈ ಪಟ್ಟಣ ವೀಳ್ಯದೆಲೆಗೂ ಖಾರಕ್ಕೂ ಹೆಸರುವಾಸಿ. ಇಲ್ಲಿನ ಕಲ್ಮಠದ ಆವರಣದ ದೊಡ್ಡ ಹುಣಸೆ ಮರಗಳು ವಾಸ್ತವವಾಗಿ ಹುಣಸೆಯಲ್ಲ. ಆಫ್ರಿಕಾ ಮೂಲದ ಬಾವೋಬಾಬ್. ಮೂರು ಮರಗಳ ಪೈಕಿ ಒಂದು 2023ರ ಜುಲೈ ಮಳೆಗೆ ಬುಡಸಹಿತ ಉರುಳಿತು. ಅದನ್ನು ಕಡಿದು ಸಾಗಿಸದೆ ಕ್ರೇನ್ ಬಳಸಿ ಮತ್ತೆ ನೆಟ್ಟದ್ದು ಮೆಚ್ಚತಕ್ಕ ಕೆಲಸ.

ಸವಣೂರಿನಿಂದ ಬಂಕಾಪುರಕ್ಕೆ ಬರುವಾಗ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಅಡ್ಡ ಬರುತ್ತದೆ. ಈ ಪ್ರವಾಸದಲ್ಲಿ ಹೆದ್ದಾರಿಯನ್ನು ದಾಟಬೇಕೇ ಹೊರತು ಅದರ ಮೇಲೆ ಸಾಗಬಾರದು. ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೇಯನಿಂದ ಹೆಸರು ಪಡೆದ ಬಂಕಾಪುರದ ಕೋಟೆಯೊಳಗೆ ನಗರೇಶ್ವರ ದೇವಾಲಯವಿದೆ. ಜನರ ಬಾಯಲ್ಲಿ ಅದು ಅರವತ್ತು ಕಂಬದ ಗುಡಿ. ಕೋಟೆಯ ಆವರಣದಲ್ಲಿಯೇ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವೂ ಇದೆ. ಜನಸಂಚಾರ ಕಡಿಮೆಯಿದ್ದ ಕಾರಣ ಹುಲ್ಲು, ಕುರುಚಲು ಗಿಡ ಉಳಿದು ನವಿಲುಗಳು ಇಲ್ಲಿ ನೆಲೆ ಕಂಡುಕೊಂಡವು. 2006ರಲ್ಲಿ ಈ ಜಾಗ ನವಿಲುಧಾಮವಾಯಿತು. ನವಿಲುಗಳನ್ನು ಕಾಣಬೇಕಾದರೆ ಬೆಳಗಿನ ಜಾವ ಅಥವಾ ಸಂಜೆ ತಲುಪಬೇಕು. ಕನಕದಾಸರ ಜನ್ಮಸ್ಥಳ ಬಾಡ ಹಾಗೂ ಶರೀಫರ ಶಿಶುನಾಳ ಇದೇ ಶಿಗ್ಗಾವಿ ಸೀಮೆಯವು.

ಬಯಲಿನ ಭಾಗದಲ್ಲಿ ಸೈಕಲ್ಲಿಗೆ ಶತ್ರು ಜಾಲಿ ಮುಳ್ಳು. ರಸ್ತೆ ಬದಿಗೆ ಇಳಿದು ನಿಲ್ಲಿಸಿದರೆ ಪಂಕ್ಚರ್ ಖಚಿತ ಎನ್ನಬಹುದು. ಎರಡು ಟ್ಯೂಬು, ಪಂಪು, ಪ್ಯಾಚ್ ಸಾಮಗ್ರಿ ಜೊತೆಗಿರಲೇಬೇಕು. ಮಳೆ ಬಿದ್ದ ಮೇಲೆ ಹೊಲದ ದಾರಿ ಹಿಡಿಯುವುದು ಬೇಡ; ಎರೆ ಮಣ್ಣು ಗಾಲಿ ಹಾಗೂ ಮಡ್‌ಗಾರ್ಡ್ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ಹೊತ್ತೇ ನಡೆಯಬೇಕಾದೀತು. ಊಟಕ್ಕೆ ಖಾನಾವಳಿಗಳ ಜೋಳದ ರೊಟ್ಟಿ ಉಂಟು, ಕೊರತೆಯಿಲ್ಲ.

ಕೆರೆಗಳ ಸೀಮೆ

ಬಂಕಾಪುರದಿಂದ ಸುಮಾರು 25 ಕಿ.ಮೀ. ದೂರದ ಹಾನಗಲ್ಲಿನಲ್ಲಿ ಮೊದಲ ರಾತ್ರಿಯ ವಾಸ್ತವ್ಯ ಸೂಕ್ತ. ಶಾಸನಗಳ ಪಾನುಂಗಲ್ ಇದೇ. ಕಲ್ಯಾಣ ಚಾಲುಕ್ಯ ಶೈಲಿಯ ತಾರಕೇಶ್ವರ ದೇವಾಲಯದ ಮಂಟಪದ ಛಾವಣಿಯಲ್ಲಿ ಕಲ್ಲಿನ ಕಮಲ ಅರಳಿ ಕೆಳಮುಖವಾಗಿ ಇಳಿದಿದೆ. ಅದನ್ನು ನೋಡದೆ ಮುಂದೆ ಹೋಗುವುದು ನಷ್ಟ. ಊರಿನ ಆನೆಕೆರೆಯ ಏರಿಯ ಮೇಲೆ ಸಂಜೆ ಕಳೆಯಬಹುದು. ಮುಂಡಗೋಡ ತಾಲ್ಲೂಕಿನ ಮಳಗಿ ಬಳಿಯ ಧರ್ಮಾ ಜಲಾಶಯದ ಕಾಲುವೆ ಈ ತಾಲ್ಲೂಕಿಗೆ ನೀರು ತರುತ್ತದೆ. ಧರ್ಮಾ ನದಿ ಕೂಡಲದ ಬಳಿ ವರದೆಯನ್ನು ಸೇರಿ, ವರದೆ ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತದೆ. ಅಂದರೆ ಹಾನಗಲ್ಲಿನ ನೀರು ಬಂಗಾಳ ಕೊಲ್ಲಿಯದು.

ಕೆರೆಗಳನ್ನೇ ನೋಡಬೇಕೆನ್ನುವವರು ಇನ್ನೊಂದು ಪ್ರವಾಸವಾಗಿ ಹಿರೇಕೆರೂರು ಭಾಗಕ್ಕೆ ಹೋಗುವುದು ಲೇಸು. ಮಾಸೂರಿನ ಬಳಿ ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆ ವಿಜಯನಗರ ಕಾಲದ ನೀರಾವರಿ ಸಾಹಸಕ್ಕೆ ಸಾಕ್ಷಿ.

ನೀರು ದಿಕ್ಕು ಬದಲಿಸುವ ಜಾಗ

ಹಾನಗಲ್ಲಿನಿಂದ ಶಿರಸಿಗೆ ಸುಮಾರು 45 ಕಿ.ಮೀ. ಗದ್ದೆ, ಮಾವಿನ ತೋಪುಗಳು ಹಿಂದೆ ಸರಿದು, ಎಕ್ಕಂಬಿಯ ಹೊತ್ತಿಗೆ ಕಾಡು ಆವರಿಸುತ್ತದೆ. ಆದಿ ಕದಂಬರ ರಾಜಧಾನಿ ಬನವಾಸಿಯ ಮಧುಕೇಶ್ವರನನ್ನು ನೋಡಿ ಶಿರಸಿಗೆ ಬರುವ ಬಳಸು ದಾರಿಯೂ ಇದೆ. ಶಿರಸಿಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಎರಡು ವರ್ಷಕ್ಕೊಮ್ಮೆ ಫೆಬ್ರುವರಿ–ಮಾರ್ಚ್ ವೇಳೆಗೆ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ವಸತಿಗೃಹದ ಆಸೆ ಬಿಡಬೇಕು.

ಶಿರಸಿಯ ಶಂಕರಹೊಂಡದಲ್ಲಿ ಅಘನಾಶಿನಿ ಹುಟ್ಟುತ್ತದೆಂಬುದು ಪ್ರತೀತಿ. ಈ ನೀರು ಪಶ್ಚಿಮಕ್ಕೆ ಹರಿಯುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟೆಗೆ ಸಿಲುಕದೆ ಕಡಲು ಮುಟ್ಟುತ್ತದೆ. ಸೈಕಲ್ ಸವಾರ ತನಗರಿವಿಲ್ಲದೆ ದಾಟುವ ಈ ಜಲವಿಭಾಜಕ ರೇಖೆ ಎರಡು ಜಿಲ್ಲೆಗಳ ವಾದದ ವಿಷಯವೂ ಹೌದು. ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ನದಿ ಜೋಡಣೆ ಯೋಜನೆಯನ್ನು ಹಾವೇರಿಯ ರೈತರು ಬಯಸಿದರೆ, ಉತ್ತರ ಕನ್ನಡದಲ್ಲಿ ಅದಕ್ಕೆ ಪ್ರಬಲ ವಿರೋಧವಿದೆ. ಬೇಸಿಗೆಯಲ್ಲಿ ಒಣಗಿದ ಕೆರೆಯನ್ನೂ, ಮರುದಿನ ಘಟ್ಟದ ಸಡಿಲ ಮಣ್ಣನ್ನೂ ಕಂಡವರಿಗೆ ಎರಡೂ ಕಡೆಯ ಮಾತಿನ ತೂಕ ತಿಳಿಯುತ್ತದೆ.

ಘಟ್ಟ ಇಳಿಯುವ ಮುನ್ನ

ಶಿರಸಿಯಿಂದ ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಸುಮಾರು 60 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 766ಇ ಆಗಿರುವ ಈ ರಸ್ತೆಯಲ್ಲಿ ಅಗಲೀಕರಣ ಕಾಮಗಾರಿ ಮತ್ತು ಗುಡ್ಡ ಕುಸಿತದಿಂದಾಗಿ ಸಂಚಾರ ಹಲವು ಬಾರಿ ನಿರ್ಬಂಧಕ್ಕೊಳಗಾಗಿದೆ. ಹೊರಡುವ ಹಿಂದಿನ ದಿನ ಶಿರಸಿಯ ಬಸ್ ನಿಲ್ದಾಣದಲ್ಲಿ ವಿಚಾರಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ರಸ್ತೆ ಮುಚ್ಚಿದ್ದರೆ ಸಿದ್ದಾಪುರ ಕಡೆಯ ದೊಡ್ಮನೆ ಘಟ್ಟ ಪರ್ಯಾಯ. ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಟ್ಟ ಲಾರಿಗಳ ಹಾದಿ, ಸೈಕಲ್ಲಿಗೆ ತಕ್ಕದ್ದಲ್ಲ.

ಮಳೆಗಾಲದಲ್ಲಿ ಯಾವ ಘಟ್ಟವೂ ಬೇಡ. ಜಲಪಾತದ ಮೋಹಕ್ಕೆ ಜುಲೈನಲ್ಲಿ ಹೊರಡುವವರು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದುದನ್ನು ನೆನೆಯಬೇಕು.

ಇಳಿಜಾರಿನಲ್ಲಿ ಬ್ರೇಕೇ ಸರ್ವಸ್ವ. ಸತತವಾಗಿ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬು ಸಿಡಿಯುವ ಅಪಾಯವಿದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಎರಡೂ ಬ್ರೇಕ್‌ಗಳನ್ನು ಬಿಟ್ಟು ಬಿಟ್ಟು ಬಳಸಬೇಕು, ನಡುನಡುವೆ ನಿಲ್ಲಬೇಕು. ಸವೆದ ಬ್ರೇಕ್ ರಬ್ಬರ್ ಶಿರಸಿಯಲ್ಲಿಯೇ ಬದಲಾಗಲಿ. ಮಧ್ಯಾಹ್ನದ ನಂತರ ಕಡಲ ಗಾಳಿ ಎದುರಾಗುವುದರಿಂದ ಅದಕ್ಕೆ ಮೊದಲೇ ಕುಮಟಾ ತಲುಪುವುದು ಜಾಣತನ.

ಅಳಿವೆ ದಾಟಿ

ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿ 66ರ ಮೂಲಕ ಸುಮಾರು 30 ಕಿ.ಮೀ. ಮಿರ್ಜಾನ್ ಕೋಟೆ ನೋಡುವವರಿಗೆ ಆ ದಾರಿ. ಉಳಿದವರು ಒಳರಸ್ತೆಯಲ್ಲಿ ಅಘನಾಶಿನಿ ಗ್ರಾಮಕ್ಕೆ ಹೋಗಿ, ಸೈಕಲ್ ಸಮೇತ ದೋಣಿ ಹತ್ತಿ ತದಡಿಗೆ ದಾಟಬಹುದು. ಉಪ್ಪು ನೀರನ್ನು ತಡೆಯುವ ಕಗ್ಗ ಭತ್ತ, ಬೆಳಚು ಆರಿಸುವವರು, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ಈ ಅಳಿವೆಯ ಬದುಕು. ದೋಣಿಯ ವೇಳೆ ನೀರಿನ ಏರಿಳಿತವನ್ನು ಅವಲಂಬಿಸಿರುವುದರಿಂದ ಅವಸರ ಸಲ್ಲದು.

ಮರಳುವಾಗಿನ ತೊಡಕು ರೈಲಿನದು. ಕುಮಟಾದಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದ್ದರೂ ಅಲ್ಲಿಂದ ಹುಬ್ಬಳ್ಳಿಗೆ ನೇರ ಹಳಿಯಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಅರಣ್ಯದ ವಿವಾದದಲ್ಲಿ ಸಿಲುಕಿದೆ. ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಗಾಲಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿದರೆ ನಿರ್ವಾಹಕರು ಲಗೇಜ್ ಟಿಕೆಟ್ ಕೊಟ್ಟು ಹತ್ತಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹೋಗುವಾಗ ರೈಲಿನಲ್ಲಿ ಸೈಕಲ್ ಒಯ್ಯಲು ಹುಬ್ಬಳ್ಳಿಯಂಥ ದೊಡ್ಡ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಯಲವಿಗಿಯಲ್ಲಿ ರೈಲು ನಿಲ್ಲುವುದು ಅಲ್ಪ ಹೊತ್ತು. ಬ್ರೇಕ್ ವ್ಯಾನ್‌ನಿಂದ ಸೈಕಲ್ ಇಳಿಸುವ ಬಗ್ಗೆ ಬುಕ್ ಮಾಡುವಾಗಲೇ ಖಚಿತಪಡಿಸಿಕೊಳ್ಳಬೇಕು. ಆಗದಿದ್ದರೆ ಹಾವೇರಿಯಲ್ಲಿ ಇಳಿಸಿಕೊಂಡು ಅಲ್ಲಿಂದಲೇ ಸವಣೂರಿಗೆ ತುಳಿಯಬಹುದು.